ಕಂಪೈಲರಿನ ಬಾಯಿ ಕಟ್ಟುವವರಿಗೆ

ಪಾಸ್‌ಪೋರ್ಟ್ ಎಂಬ ದೃಢೀಕರಣ ಲೈಬ್ರರಿಯು ಜಾವಾಸ್ಕ್ರಿಪ್ಟಿನಲ್ಲಿ ರಚಿತವಾದುದರಿಂದ ಟೈಪ್‌ಸ್ಕ್ರಿಪ್ಟಿಗೆ ಬೇಕಾದ ಅದರ ಟೈಪ್ ಘೋಷಣೆಗಳು ಡೆಫಿನಿಟ್ಲಿಟೈಪ್ಡ್ ಭಂಡಾರದಿಂದ ಪ್ರತ್ಯೇಕ ಪ್ಯಾಕೇಜಾಗಿ ಬರುತ್ತವೆ. ಅವುಗಳಲ್ಲಿ ಎಕ್ಸ್‌ಪ್ರೆಸ್ಸಿನ ‘ಯೂಸರ್’ ಇಂಟರ್‌ಫೇಸನ್ನು ಬುದ್ಧಿಪೂರ್ವಕವಾಗಿಯೇ ಬರಿದಾಗಿ ಇಟ್ಟಿದ್ದಾರೆ. ನಮ್ಮ ಬಳಕೆದಾರನಿಗೆ ಇಮೇಲ್ ಉಂಟೋ, ಹುದ್ದೆ ಉಂಟೋ ಎಂಬುದು ಲೈಬ್ರರಿ ಬರೆದವರು ತಿಳಿಯತಕ್ಕ ವಿಷಯವಲ್ಲವಷ್ಟೆ. ಅದನ್ನು ತುಂಬುವ ಹೊಣೆ ನಮ್ಮದು. ಆ ಕೆಲಸಕ್ಕೆ ಅರ್ಧ ದಿನ ಕೊಡಿರೆಂದು ನಾನು ಕೇಳಿದಾಗ ನಮ್ಮ ಟೀಮ್ ಲೀಡ್, “ಸಮಯವಿಲ್ಲ, ರಿಕ್ವೆಸ್ಟನ್ನೇ ‘ಎನಿ’ ಮಾಡಿ ಮುಗಿಸಿ” ಎಂದರು.

ಹಾಗೆಯೇ ಮಾಡಿದೆವು. 2022ರಲ್ಲಿ ಪಾಸ್‌ಪೋರ್ಟಿನ 0.6 ಆವೃತ್ತಿ ಬಂದಿತು; ನಾವೂ ಅದಕ್ಕೆ ಏರಿದೆವು. ಸೆಷನ್ ಫಿಕ್ಸೇಷನ್ ಎಂಬ ದಾಳಿಯನ್ನು ತಡೆಯುವ ಉದ್ದೇಶದಿಂದ ಅದರಲ್ಲಿ ಲಾಗೌಟಿಗೆ ಕಾಲ್‌ಬ್ಯಾಕನ್ನು ಕಡ್ಡಾಯ ಮಾಡಿದ್ದರು. ಹೊಸ ಘೋಷಣೆಗಳೂ ಅದನ್ನೇ ಸಾರುತ್ತಿದ್ದವು. ಆದರೆ ‘ಎನಿ’ಯ ಮುಸುಕಿನೊಳಗೆ ಸೇರಿದ ರಿಕ್ವೆಸ್ಟಿನ ಮೇಲೆ ಕಂಪೈಲರಿಗೆ ಯಾವ ಅಧಿಕಾರವೂ ಉಳಿದಿರಲಿಲ್ಲವಾದಕಾರಣ ಬಿಲ್ಡ್ ನಿರ್ವಿಘ್ನವಾಗಿ ಪಾಸಾಯಿತು.

ರಿಲೀಸಾದ ಸಂಜೆ, ಒಂದೇ ಕಂಪ್ಯೂಟರನ್ನು ಹಲವು ಗುಮಾಸ್ತರು ಹಂಚಿಕೊಳ್ಳುವ ಗ್ರಾಹಕರ ಕಚೇರಿಯಿಂದ ಫೋನು ಬಂದಿತು. ಒಬ್ಬರು ಲಾಗೌಟ್ ಒತ್ತಿದರೆ ಎರರ್ ಪುಟ ಕಾಣಿಸಿತೆಂದೂ, ಅವರು ಎದ್ದು ಮನೆಗೆ ಹೋದ ಮೇಲೆ ಅದೇ ಕುರ್ಚಿಯಲ್ಲಿ ಕುಳಿತವರಿಗೆ ಹಿಂದಿನವರ ಹೆಸರೂ ಅವರ ಸಂಬಳದ ವಿವರವೂ ತೆರೆದುಕೊಂಡವೆಂದೂ ಆ ಕಡೆಯ ಹೆಂಗಸು ನಡುಗುವ ದನಿಯಲ್ಲಿ ಹೇಳುತ್ತಿದ್ದರು. ಲಾಗ್ ತೆರೆದೆ. ಲಾಗೌಟಿಗೆ ಕಾಲ್‌ಬ್ಯಾಕ್ ಬೇಕೆಂಬ ಒಂದೇ ಸಾಲು ಪರದೆಯ ಉದ್ದಕ್ಕೂ ಇಳಿಯುತ್ತಿತ್ತು. ಪಕ್ಕದ ಎಡಿಟರಿನಲ್ಲಿ, ಆ ಅನಾಹುತಕ್ಕೆ ಕಾರಣವಾದ ಸಾಲಿನ ಕೆಳಗೆ ಒಂದು ಕೆಂಪು ಗೆರೆಯೂ ಇರಲಿಲ್ಲ. ಫೋನು ಹಿಡಿದ ಕೈ ಬೆವೆತುಹೋಯಿತು. ಮರುದಿನದ ಮೀಟಿಂಗಿನಲ್ಲಿ ಲೀಡ್ ಲೈಬ್ರರಿಯನ್ನು ದೂರಿದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ: ಎಚ್ಚರಿಸಬಲ್ಲವನ ಬಾಯನ್ನು ಕಟ್ಟಿಸಿದವರು ಅವರೇ.

ಪರಿಹಾರ ಚಿಕ್ಕದು. ಒಂದು ಘೋಷಣಾ ಕಡತದಲ್ಲಿ, ‘ಡಿಕ್ಲೇರ್ ಗ್ಲೋಬಲ್’ ಎಂಬುದರೊಳಗೆ, ಎಕ್ಸ್‌ಪ್ರೆಸ್ ನೇಮ್‌ಸ್ಪೇಸಿನ ‘ಯೂಸರ್’ ಇಂಟರ್‌ಫೇಸಿಗೆ ನಿಮ್ಮ ಬಳಕೆದಾರನ ಗುಣಗಳನ್ನು ಬರೆಯಿರಿ. ಒಂದೇ ಹೆಸರಿನ ಇಂಟರ್‌ಫೇಸುಗಳನ್ನು ಟೈಪ್‌ಸ್ಕ್ರಿಪ್ಟ್ ತಾನಾಗಿಯೇ ಕೂಡಿಸಿಕೊಳ್ಳುತ್ತದೆ. ಕಡತದಲ್ಲಿ ಇಂಪೋರ್ಟ್ ಯಾವುದೂ ಇಲ್ಲದಿದ್ದರೆ ಬರಿಯ ಎಕ್ಸ್‌ಪೋರ್ಟನ್ನಾದರೂ ಸೇರಿಸಬೇಕು. ಲೈಬ್ರರಿಯನ್ನು ಏರಿಸಿದಾಗ ಅದರ ಟೈಪ್ ಪ್ಯಾಕೇಜನ್ನೂ ಜೊತೆಗೇ ಏರಿಸತಕ್ಕದ್ದು. ನಾವು ‘ಎನಿ’ಯನ್ನು ಕಿತ್ತುಹಾಕಿದೊಡನೆ ಕಂಪೈಲರು ಲಾಗೌಟಿನ ದೋಷವನ್ನಲ್ಲದೆ, ಲಾಗಿನ್ ಆಗದವರ ಹೆಸರನ್ನು ಓದಹೊರಟ ಸ್ಥಳಗಳನ್ನೂ ಒಂದೊಂದಾಗಿ ತೋರಿಸಿಕೊಟ್ಟಿತು.

ನಿಮ್ಮ ರಿಕ್ವೆಸ್ಟಿನ ಮೇಲೆಯೂ ‘ಎನಿ’ ಕುಳಿತಿದ್ದರೆ, ಮೇಲಿನವರು ಏನೇ ಹೇಳಲಿ, ಮುಂದಿನ ರಿಲೀಸಿಗೆ ಮುನ್ನ ದಯವಿಟ್ಟು ಅದನ್ನು ತೆಗೆಯಿರಿ.