ಹನ್ನೂರಿನ ಮನೆಗೆ ಗಾಂಜಾ ಕೇಸು ಬಂದರೆ: ಠಾಣೆಯಿಂದ ಕೋರ್ಟಿನವರೆಗೆ ಹಂತ ಹಂತವಾಗಿ

ಮಗನನ್ನೋ ತಮ್ಮನನ್ನೋ ಗಾಂಜಾ ಕೇಸಿನಲ್ಲಿ ಹಿಡಿದರೆಂದು ಸುದ್ದಿ ಬಂದಾಗ ಮನೆಯವರು ಮೊದಲು ಹುಡುಕುವುದು ಪರಿಚಯದ ಪುಢಾರಿಯನ್ನು. ಹುಡುಕಬೇಕಾದದ್ದು ಪಂಚನಾಮೆಯ, ಅಂದರೆ ಜಪ್ತಿಯ ವೇಳೆ ಪಂಚರ ಎದುರು ಬರೆದ ದಾಖಲೆಯ, ನಕಲನ್ನು. ಈ ಬಗೆಯ ಪ್ರಕರಣಗಳಲ್ಲಿ ಯಾರ ಶಿಫಾರಸಿಗಿಂತಲೂ ಕಾಗದದ ಮೇಲಿನ ಎರಡು ಸಂಗತಿಗಳೇ ಹೆಚ್ಚು ಮಾತಾಡುತ್ತವೆ: ಸಿಕ್ಕ ಮಾಲಿನ ತೂಕ ಮತ್ತು ಅದನ್ನು ಹಿಡಿದ ರೀತಿ.

ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಹನ್ನೂರ, ಅಕ್ಕಲಕೋಟ ಕಡೆಯವರಿಗೆ ಇನ್ನೊಂದು ತೊಡಕಿದೆ. ಮನೆಯ ಮಾತು ಕನ್ನಡ, ಠಾಣೆಯ ಬರಹ ಮರಾಠಿ. ಮಾತಾಡುವಷ್ಟು ಮರಾಠಿ ಬಹಳ ಜನಕ್ಕೆ ಬರುತ್ತದೆ. ಹತ್ತು ಪುಟದ ಕೈಬರಹದ ಪಂಚನಾಮೆಯನ್ನು ಓದಿ ತಿಳಿಯುವಷ್ಟು ಎಲ್ಲರಿಗೂ ಬರುವುದಿಲ್ಲ. ಈ ಬರಹ ವಕೀಲರ ಬದಲಿಗೆ ಅಲ್ಲ. ವಕೀಲರ ಎದುರು ಕೂತಾಗ ಏನು ಕೇಳಬೇಕೆಂದು ಗೊತ್ತಿರಲಿ ಎಂಬುದಕ್ಕೆ.

ಹಂತ 1: ಯಾವ ಕಾಯ್ದೆ ಎಂದು ಕೇಳಿ

ಎಫ್‌ಐಆರ್‌ನಲ್ಲಿ ಕಾಯ್ದೆಯ ಹೆಸರು ನೋಡಿ. ಗಾಂಜಾ, ಚರಸ್, ಅಫೀಮು, ಎಂಡಿ ಪುಡಿ, ಅಲ್ಪ್ರಜೋಲಾಮ್‌ನಂಥ ನಿದ್ದೆಗುಳಿಗೆ ಇವೆಲ್ಲ 1985ರ ಎನ್‌ಡಿಪಿಎಸ್ (ಮಾದಕ ವಸ್ತುಗಳ) ಕಾಯ್ದೆಗೆ ಸೇರುತ್ತವೆ. ಅದು ಕೇಂದ್ರದ ಕಾಯ್ದೆ. ಕರ್ನಾಟಕದ ಆಳಂದದಲ್ಲಿ ಹಿಡಿದರೂ ಅಕ್ಕಲಕೋಟದಲ್ಲಿ ಹಿಡಿದರೂ ಶಿಕ್ಷೆ ಒಂದೇ. ಬದಲಾಗುವುದು ಠಾಣೆ, ಕೋರ್ಟು, ಬರಹದ ಭಾಷೆ.

ದಾರೂ ವಿಷಯ ಬೇರೆ. ಅದು ರಾಜ್ಯಕ್ಕೆ ಸೇರಿದ್ದು, ಇಲ್ಲಿ 1949ರ ಮಹಾರಾಷ್ಟ್ರ ದಾರೂಬಂದಿ ಕಾಯ್ದೆ ನಡೆಯುತ್ತದೆ. ಕರ್ನಾಟಕದ ಅಂಗಡಿಯಲ್ಲಿ ಬಿಲ್ಲು ಪಡೆದು ಕೊಂಡ ಪೆಟ್ಟಿಗೆಯೂ ಪರವಾನಿಗೆಯಿಲ್ಲದೆ ಗಡಿ ದಾಟಿದರೆ ಇಲ್ಲಿ ಅಕ್ರಮ ಮಾಲು. ಮನೆಯವರು ಎರಡನ್ನೂ ‘ನಶೆಯ ಕೇಸು’ ಎಂದು ಒಂದೇ ಹೆಸರಿನಲ್ಲಿ ಕರೆದು ಗಾಬರಿಯಾಗುತ್ತಾರೆ. ದಾರೂ ಕೇಸಿಗೆ ಎನ್‌ಡಿಪಿಎಸ್‌ನ ಹತ್ತಿಪ್ಪತ್ತು ವರ್ಷಗಳ ಜೈಲಿನ ಭಯ ಬೇಕಿಲ್ಲ. ಆದರೆ ಸಿಂದಿಗೆ ಅಲ್ಪ್ರಜೋಲಾಮ್ ಬೆರೆಸಿದ್ದರೆ ಎರಡೂ ಕಾಯ್ದೆ ಒಟ್ಟಿಗೆ ಮೈಮೇಲೆ ಬರುತ್ತವೆ.

ಹಂತ 2: ತೂಕ ನೋಡಿ, ಶಿಕ್ಷೆ ತಾನಾಗಿ ತಿಳಿಯುತ್ತದೆ

ಕೇಂದ್ರ ಸರ್ಕಾರ 2001ರ ಅಕ್ಟೋಬರ್ 19ರ ಅಧಿಸೂಚನೆಯಲ್ಲಿ ಮತ್ತು ಅದರ ಮುಂದಿನ ತಿದ್ದುಪಡಿಗಳಲ್ಲಿ ಪ್ರತಿ ವಸ್ತುವಿಗೂ ‘ಅಲ್ಪ ಪ್ರಮಾಣ’, ‘ವಾಣಿಜ್ಯ ಪ್ರಮಾಣ’ ಎಂಬ ಎರಡು ಗೆರೆ ಎಳೆದಿದೆ. ಗಾಂಜಾಕ್ಕೆ ಅವು 1 ಕಿಲೋ ಮತ್ತು 20 ಕಿಲೋ. ಚರಸ್‌ಗೆ 100 ಗ್ರಾಂ ಮತ್ತು 1 ಕಿಲೋ. ಹೆರಾಯಿನ್‌ಗೆ 5 ಗ್ರಾಂ ಮತ್ತು 250 ಗ್ರಾಂ. ಎಂಡಿ ಎಂದು ಕರೆಯುವ ಮೆಫೆಡ್ರೋನ್‌ಗೆ 2 ಗ್ರಾಂ ಮತ್ತು 50 ಗ್ರಾಂ, ಅಲ್ಪ್ರಜೋಲಾಮ್‌ಗೆ 5 ಗ್ರಾಂ ಮತ್ತು 100 ಗ್ರಾಂ.

ಗಾಂಜಾ ಅಲ್ಪ ಪ್ರಮಾಣದಲ್ಲಿದ್ದರೆ ಕಲಂ 20ರಂತೆ ಒಂದು ವರ್ಷದವರೆಗೆ ಸಜೆ, ಇಲ್ಲವೆ 10 ಸಾವಿರದವರೆಗೆ ದಂಡ, ಇಲ್ಲವೆ ಎರಡೂ. ಎರಡು ಗೆರೆಗಳ ನಡುವೆ ಬಿದ್ದರೆ 10 ವರ್ಷದವರೆಗೆ ಸಜೆ, 1 ಲಕ್ಷದವರೆಗೆ ದಂಡ. 20 ಕಿಲೋ ದಾಟಿತೋ, ಕನಿಷ್ಠವೇ 10 ವರ್ಷ, ಗರಿಷ್ಠ 20. ದಂಡ 1ರಿಂದ 2 ಲಕ್ಷ. ಇಲ್ಲಿ ನ್ಯಾಯಾಧೀಶರು ಮರುಗಿದರೂ ಹತ್ತು ವರ್ಷಕ್ಕಿಂತ ಕೆಳಗೆ ಇಳಿಯಲು ಕಾಯ್ದೆ ಬಿಡುವುದಿಲ್ಲ. ಗಾಂಜಾ ಸೇದಿದ್ದಷ್ಟೇ ಆರೋಪವಾದರೆ ಕಲಂ 27. 6 ತಿಂಗಳವರೆಗೆ ಸಜೆ ಅಥವಾ 10 ಸಾವಿರದವರೆಗೆ ದಂಡ ಅಥವಾ ಎರಡೂ.

ಪುಡಿಯ ವಿಷಯದಲ್ಲಿ ಒಂದು ಎಚ್ಚರ. ಎಂಡಿಯಲ್ಲಿ ಅರ್ಧ ಬೇರೆ ಹಿಟ್ಟು ಬೆರೆತಿದೆ ಎಂಬ ವಾದ ಈಗ ನಡೆಯದು. 2020ರ ಹೀರಾ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಮಿಶ್ರಣದ ಪೂರ್ತಿ ತೂಕವನ್ನೇ ಲೆಕ್ಕಕ್ಕೆ ಹಿಡಿಯಬೇಕೆಂದಿದೆ. ಎಂಡಿ ನಮಗೆ ದೂರದ ಮಾತೂ ಅಲ್ಲ: 2023ರ ಅಕ್ಟೋಬರ್‌ನಲ್ಲಿ ಮುಂಬೈ ಪೊಲೀಸರು ಸೊಲ್ಲಾಪುರ ಜಿಲ್ಲೆಯಲ್ಲೇ ಅದನ್ನು ತಯಾರಿಸುವ ಕಾರ್ಖಾನೆಯ ಮೇಲೆ ದಾಳಿ ಮಾಡಿದ್ದರು.

ಹಂತ 3: ಮೊದಲ 24 ಗಂಟೆ

ಬಂಧಿಸಿದವರನ್ನು ಪ್ರಯಾಣದ ವೇಳೆ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಎಲ್ಲಿಟ್ಟಿದ್ದಾರೆಂದು ಮನೆಯವರಿಗೆ ತಿಳಿಸಬೇಕು. ವಿಚಾರಣೆಯ ನಡುವೆ ವಕೀಲರನ್ನು ಕಾಣುವ ಹಕ್ಕಿದೆ. ಇವು ಅನೇಕರಿಗೆ ಗೊತ್ತು.

ಗೊತ್ತಿಲ್ಲದ್ದು, ಗಡಿನಾಡಿನವರು ಬಾಯಿಪಾಠ ಮಾಡಿಕೊಳ್ಳಬೇಕಾದದ್ದು, 2025ರ ನವೆಂಬರ್‌ನಲ್ಲಿ ಬಂದ ಮಿಹಿರ್ ರಾಜೇಶ್ ಶಾ ವಿರುದ್ಧ ಮಹಾರಾಷ್ಟ್ರ ಸರ್ಕಾರ ಪ್ರಕರಣದ ತೀರ್ಪು. ಬಂಧನದ ಕಾರಣಗಳನ್ನು ಬರಹದಲ್ಲಿ, ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು. ಆ ಹೊತ್ತಿಗೆ ಬರೆದು ಕೊಡಲಾಗದಿದ್ದರೆ ಬಾಯಲ್ಲಿ ಹೇಳಿ, ರಿಮಾಂಡಿಗೆ ಕೋರ್ಟಿನ ಮುಂದೆ ತರುವ ಕನಿಷ್ಠ ಎರಡು ಗಂಟೆ ಮೊದಲು ಬರಹ ಕೈಗೆ ಸಿಗಬೇಕು ಎಂದು ಸುಪ್ರೀಂ ಕೋರ್ಟು ಹೇಳಿದೆ. ಕನ್ನಡ ಮಾತ್ರ ಬಲ್ಲ ಅಜ್ಜನಿಗೆ ಮರಾಠಿ ಕಾಗದ ಕೊಟ್ಟು ಹೆಬ್ಬೆಟ್ಟು ಒತ್ತಿಸಿದರೆ ಅದು ಈ ತೀರ್ಪಿಗೆ ಹೊಂದುವುದಿಲ್ಲ. ಮ್ಯಾಜಿಸ್ಟ್ರೇಟರು ‘ಏನಾದರೂ ತಕರಾರಿದೆಯೇ’ ಎಂದು ಕೇಳುವಾಗಲೇ ಇದನ್ನು ಹೇಳಬೇಕು. ಆ ಕ್ಷಣದಲ್ಲಿ ಬಹಳ ಜನ ‘ಏನಿಲ್ಲ ಸಾಹೇಬರೇ’ ಎಂದುಬಿಡುತ್ತಾರೆ, ಅದೇ ದಾಖಲಾಗುತ್ತದೆ.

ಓದಿ ತಿಳಿಯದ ಕಾಗದಕ್ಕೆ ಸಹಿ ಬೇಡ. ಮಾಡಲೇಬೇಕಾದ ಪ್ರಸಂಗ ಬಂದರೆ ಪಕ್ಕದಲ್ಲೇ ಕನ್ನಡದಲ್ಲಿ ‘ನನಗೆ ಓದಿ ಹೇಳಿಲ್ಲ’ ಎಂದು ಬರೆಯಿರಿ. ಆದರೆ ಮರಾಠಿ ಶಾಲೆಯಲ್ಲಿ ಕಲಿತವರು ಮರಾಠಿ ಬಾರದು ಎಂದು ಹೇಳಬೇಡಿ. ಶಾಲೆಯ ದಾಖಲೆ ಒಂದು ದಿನದಲ್ಲಿ ಹೊರಬರುತ್ತದೆ, ಆಮೇಲೆ ನಿಮ್ಮ ನಿಜವನ್ನೂ ಯಾರೂ ನಂಬುವುದಿಲ್ಲ.

ಮನೆಯವರಿಗೂ ಎರಡು ಮಾತು. ಫೋನಿನ ಮೆಸೇಜು ಅಳಿಸುವುದು, ಉಳಿದ ಮಾಲು ಸಾಗಿಸುವುದು ಮಾಡಿದರೆ ನೀವೂ ಆರೋಪಿಗಳಾಗುತ್ತೀರಿ. ‘ತೂಕ ಕಡಿಮೆ ಬರೆಸಿಕೊಡುತ್ತೇನೆ’ ಎಂದು ದುಡ್ಡು ಕೇಳುವ ಮಧ್ಯವರ್ತಿ ಬಂದರೆ ಬಾಗಿಲು ಹಾಕಿ. ದುಡ್ಡು ಹೋಗುತ್ತದೆ, ಲಂಚ ಕೊಟ್ಟ ಅಪರಾಧ ಉಳಿಯುತ್ತದೆ.

ಹಂತ 4: ವಕೀಲರು

ಅಲ್ಪ ಪ್ರಮಾಣದ ಕೇಸು ಮ್ಯಾಜಿಸ್ಟ್ರೇಟರ ಮುಂದೆ ನಡೆಯುತ್ತದೆ. ಮೂರು ವರ್ಷಕ್ಕಿಂತ ಹೆಚ್ಚು ಶಿಕ್ಷೆಯ ಕೇಸುಗಳು ಎನ್‌ಡಿಪಿಎಸ್ ವಿಶೇಷ ನ್ಯಾಯಾಲಯಕ್ಕೆ ಹೋಗುತ್ತವೆ. ಹಾಗಾಗಿ ಹೊಲದ ತಂಟೆ ನೋಡುವ ಊರಿನ ವಕೀಲರ ಮೇಲೆ ಎಷ್ಟೇ ವಿಶ್ವಾಸವಿದ್ದರೂ, ಈ ಕಾಯ್ದೆಯ ಕೇಸು ನಡೆಸಿ ಬಲ್ಲವರನ್ನು ಕೇಳಿ. ಕನ್ನಡ ಬಲ್ಲ ವಕೀಲರು ಸಿಕ್ಕರೆ ಒಳ್ಳೆಯದು, ಏಕೆಂದರೆ ಘಟನೆಯನ್ನು ಆರೋಪಿ ತನ್ನ ಮಾತಿನಲ್ಲೇ ಹೇಳಬೇಕು.

ದುಡ್ಡಿಲ್ಲ ಎಂಬ ಕಾರಣಕ್ಕೆ ಯಾರೂ ವಕೀಲರಿಲ್ಲದೆ ನಿಲ್ಲಬೇಕಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಕಲಂ 12ರಂತೆ ಕಸ್ಟಡಿಯಲ್ಲಿರುವ ಯಾರಿಗಾದರೂ, ಹಾಗೆಯೇ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯದ ಲೆಕ್ಕ ಕೇಳದೆ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿ, ಇಲ್ಲವೆ ಸೊಲ್ಲಾಪುರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ.

ಹಂತ 5: ಜಾಮೀನು

2020ರಲ್ಲಿ ರಿಯಾ ಚಕ್ರವರ್ತಿ ಪ್ರಕರಣದಲ್ಲಿ ಬಾಂಬೆ ಹೈಕೋರ್ಟು ಈ ಕಾಯ್ದೆಯ ಎಲ್ಲ ಅಪರಾಧಗಳೂ ಜಾಮೀನುರಹಿತ ಎಂದಿತು. ಹಾಗೆಂದರೆ ಜಾಮೀನೇ ಸಿಗದು ಎಂದಲ್ಲ. ಕೋರ್ಟಿನಿಂದ ಕೇಳಿ ಪಡೆಯಬೇಕು ಎಂದು. ಅಲ್ಪ ಪ್ರಮಾಣದಲ್ಲಿ ಇದು ಹೆಚ್ಚು ಕಷ್ಟವಲ್ಲ. ನಡುವಿನ ಪ್ರಮಾಣಕ್ಕೂ ಸಾಮಾನ್ಯ ಜಾಮೀನಿನ ನಿಯಮಗಳೇ.

ಆದರೆ ವಾಣಿಜ್ಯ ಪ್ರಮಾಣಕ್ಕೆ ಕಲಂ 37ರ ಗೋಡೆ ಇದೆ. ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಕಾರಣವಿದೆ, ಹೊರಬಂದು ಮತ್ತೆ ಅಪರಾಧ ಮಾಡಲಾರ, ಎಂದು ಕೋರ್ಟಿಗೆ ಎರಡೂ ಮನವರಿಕೆಯಾಗಬೇಕು. ವಿಚಾರಣೆಗೆ ಮೊದಲೇ ನಿರ್ದೋಷಿ ಎಂದು ತೋರಿಸು ಎನ್ನುವ ಈ ಷರತ್ತು ನನಗೆ ಕ್ರೂರವೆಂದೇ ಕಾಣುತ್ತದೆ, ಆದರೆ ಕಾಯ್ದೆ ಇರುವುದು ಹೀಗೆ. ವಿಚಾರಣೆ ವರ್ಷಗಟ್ಟಲೆ ಎಳೆದರೆ ಅದೇ ಜಾಮೀನಿಗೆ ಕಾರಣವಾಗಬಲ್ಲದು ಎಂದು 2023ರ ಮೊಹಮ್ಮದ್ ಮುಸ್ಲಿಂ ತೀರ್ಪು ಹೇಳಿದೆ.

ಇನ್ನೊಂದು ಬಾಗಿಲು ದಿನಗಳ ಲೆಕ್ಕದ್ದು. ವಾಣಿಜ್ಯ ಪ್ರಮಾಣದಲ್ಲಿ 180 ದಿನದೊಳಗೆ ಚಾರ್ಜ್‌ಶೀಟ್ ಬರದಿದ್ದರೆ ಜಾಮೀನು ಹಕ್ಕಾಗುತ್ತದೆ. ಸರ್ಕಾರಿ ವಕೀಲರು ಕಾರಣ ಕೊಟ್ಟು ವರದಿ ಸಲ್ಲಿಸಿದರೆ ಕೋರ್ಟು ಈ ಅವಧಿಯನ್ನು ಒಂದು ವರ್ಷದವರೆಗೆ ಬೆಳೆಸಬಹುದು. ಉಳಿದ ಕೇಸುಗಳಲ್ಲಿ ಸಾಮಾನ್ಯ ಕಾನೂನಿನ 60 ಅಥವಾ 90 ದಿನ. ಈ ಹಕ್ಕು ತಾನಾಗಿ ಬಾಗಿಲು ತೆರೆಯುವುದಿಲ್ಲ, ಚಾರ್ಜ್‌ಶೀಟ್ ಬೀಳುವ ಮೊದಲು ಅರ್ಜಿ ಹಾಕಬೇಕು. ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಕೆಲಸ ಮನೆಯವರದು.

ಜಿಲ್ಲೆಯಲ್ಲಿ ಜಾಮೀನು ಸಿಗದಿದ್ದರೆ ಹೈಕೋರ್ಟು. ಅದಕ್ಕೀಗ ಮುಂಬೈಗೆ ಹೋಗಬೇಕಿಲ್ಲ: 2025ರ ಆಗಸ್ಟ್ 18ರಿಂದ ಕೊಲ್ಹಾಪುರದಲ್ಲಿ ಸಂಚಾರಿ ಪೀಠ ನಡೆಯುತ್ತಿದ್ದು ಸೊಲ್ಲಾಪುರ ಜಿಲ್ಲೆ ಅದರ ವ್ಯಾಪ್ತಿಯಲ್ಲಿದೆ.

ಹಂತ 6: ಪಂಚನಾಮೆಯನ್ನು ಸಾಲು ಸಾಲಾಗಿ ಓದಿ

ಪ್ರತಿವಾದ ಹುಟ್ಟುವುದು ಇಲ್ಲಿ. ವಕೀಲರ ಜೊತೆ ಕೂತು, ಗೊತ್ತಾಗದ ಮರಾಠಿ ಪದವನ್ನು ಕೇಳುತ್ತ ಓದಿ. ‘ಮುದ್ದೆಮಾಲ’ ಎಂದರೆ ಜಪ್ತಿಯಾದ ವಸ್ತು, ‘ಕೋಠಡಿ’ ಎಂದರೆ ಕಸ್ಟಡಿ.

ಮೊದಲು ಜಾಗ ಮತ್ತು ಹೊತ್ತು. ಮನೆಯ ಮೇಲಿನ ದಾಳಿಯಾದರೆ ಕಲಂ 42: ಬಂದ ಮಾಹಿತಿಯನ್ನು ಬರೆದಿಡಬೇಕು, 72 ಗಂಟೆಯೊಳಗೆ ಮೇಲಧಿಕಾರಿಗೆ ಕಳಿಸಬೇಕು, ಸೂರ್ಯ ಮುಳುಗಿದ ಮೇಲೆ ವಾರಂಟ್ ಇಲ್ಲದೆ ನುಗ್ಗಿದ್ದರೆ ಕಾರಣ ದಾಖಲಿಸಿರಬೇಕು. ಬಸ್ ನಿಲ್ದಾಣದಂಥ ಸಾರ್ವಜನಿಕ ಜಾಗದಲ್ಲಿ ಹಿಡಿದಿದ್ದರೆ ಕಲಂ 43. ಅಲ್ಲಿ ಈ ಬಿಗಿ ಇಲ್ಲ.

ಆಮೇಲೆ ಮೈ ತಪಾಸಣೆ. ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ತಪಾಸಣೆ ಕೇಳುವ ಹಕ್ಕಿದೆ ಎಂದು ಆರೋಪಿಗೆ ಮೊದಲೇ ತಿಳಿಸಬೇಕು, ಇದು ಕಲಂ 50. ಯಾವ ಭಾಷೆಯಲ್ಲಿ ತಿಳಿಸಿದರು ಎಂಬ ಪ್ರಶ್ನೆ ನಮ್ಮ ಕಡೆಯ ಕೇಸಿನಲ್ಲಿ ಕೇಳಲೇಬೇಕಾದದ್ದು. ಆದರೆ ಮಾಲು ಸಿಕ್ಕಿದ್ದು ಜೇಬಿನಲ್ಲಲ್ಲದೆ ಚೀಲದಲ್ಲಾದರೆ ಈ ಕಲಮಿನಿಂದ ಲಾಭವಿಲ್ಲ. ಸುಪ್ರೀಂ ಕೋರ್ಟು ಇದನ್ನು ಹಲವು ಸಲ ಹೇಳಿದೆ. ಮಹಿಳೆಯನ್ನು ಮಹಿಳೆಯೇ ತಪಾಸಿಸಬೇಕು.

ಮೂರನೆಯದು ಮಾಲಿನ ವರ್ಣನೆ. ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂವು ಅಥವಾ ಕಾಯಿ ಬಿಟ್ಟ ತುದಿ. ತುದಿ ಇಲ್ಲದೆ ಬರಿಯ ಎಲೆ, ಬೀಜ ಗಾಂಜಾ ಅಲ್ಲ. ಪಂಚನಾಮೆಯಲ್ಲಿ ‘ಬೇರು, ಕಾಂಡ, ಎಲೆ ಸಹಿತ ಹಸಿರು ಗಿಡ 22 ಕಿಲೋ’ ಎಂದಿದ್ದರೆ ಹೂವಿನ ತುದಿಯ ತೂಕ ಎಷ್ಟು ಎಂದು ಕೇಳುವ ಹಕ್ಕು ನಿಮಗಿದೆ. ಅದು 20 ಕಿಲೋಗಿಂತ ಕೆಳಗೆ ಬಂದರೆ ಕನಿಷ್ಠ ಹತ್ತು ವರ್ಷದ ಶಿಕ್ಷೆಯೂ ಕಲಂ 37ರ ಗೋಡೆಯೂ ಒಟ್ಟಿಗೆ ಬೀಳುತ್ತವೆ. ಬಹಳ ಕೇಸುಗಳಲ್ಲಿ ಇದೇ ಎಲ್ಲಕ್ಕಿಂತ ಗಟ್ಟಿಯಾದ ವಾದ.

ಮಾದರಿ ತೆಗೆಯುವ ಕೆಲಸ ಕಲಂ 52ಎ ಪ್ರಕಾರ ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ ಆಗಬೇಕು. ಹಾಗೆ ಆಗಿಲ್ಲ ಎಂಬ ಲೋಪವೊಂದರಿಂದಲೇ ಬಿಡುಗಡೆಯಾಗದು ಎಂದು 2025ರ ಭಾರತ್ ಆಂಬಳೆ ತೀರ್ಪಿದೆ. ಸೀಲು, ಮಾಲಖಾನೆಯ ದಾಖಲೆ, ಪಂಚರ ಸಾಕ್ಷ್ಯಗಳಲ್ಲೂ ಬಿರುಕಿದ್ದರೆ ಮಾತ್ರ ಬಲ ಬರುತ್ತದೆ. 2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 105 ಜಪ್ತಿಯ ವಿಡಿಯೊ ಚಿತ್ರೀಕರಣವನ್ನು ಬೇಡುತ್ತದೆ. ಅದರ ನಕಲು ಕೇಳಿ.

ಕೊನೆಗೆ ಹೇಳಿಕೆ. ಸಿಕ್ಕಿಬಿದ್ದವನು ‘ಇವನೂ ಇದ್ದ’ ಎಂದು ಅಧಿಕಾರಿಯ ಮುಂದೆ ಒಪ್ಪಿಕೊಂಡದ್ದು ಸಾಕ್ಷ್ಯವಾಗದು. 2020ರ ತೂಫಾನ್ ಸಿಂಗ್ ತೀರ್ಪು ಅದನ್ನು ಮುಗಿಸಿದೆ. ಆದರೆ ಮಾಲು ನಿಮ್ಮ ಕೈಯಲ್ಲೇ ಸಿಕ್ಕರೆ ಕಲಂ 35 ಮತ್ತು 54 ತಿಳಿದೇ ಇಟ್ಟುಕೊಂಡಿದ್ದಿರಿ ಎಂದು ಮೊದಲೇ ಊಹಿಸುತ್ತವೆ. ಅದಲ್ಲ ಎಂದು ತೋರಿಸುವ ಹೊರೆ ನಿಮ್ಮದು.

ಹಂತ 7: ಹೊಲ ಮತ್ತು ಗಾಡಿ

ಕಬ್ಬಿನ ನಡುವೆ ಗಾಂಜಾ ಗಿಡ ಬೆಳೆದರೆ ಅಲ್ಪ ಪ್ರಮಾಣದ ರಿಯಾಯಿತಿ ಇಲ್ಲ. ಬೆಳೆಸಿದ್ದಕ್ಕೆ 10 ವರ್ಷದವರೆಗೆ ಸಜೆ. ಹೊಲ ಪಾಲಿಗೆ ಕೊಟ್ಟಿದ್ದರೆ ಕರಾರು ಬರಹದಲ್ಲಿರಲಿ. ಹೊಲದ ದಾಖಲೆಯಾದ ಸಾತಬಾರಾದಲ್ಲಿ ಹೆಸರಿರುವುದರಿಂದ ಪೊಲೀಸರು ಮೊದಲು ಬರುವುದು ಮಾಲೀಕನ ಮನೆಗೆ. ತನ್ನ ಹೊಲದಲ್ಲಿ ಇಂಥ ಗಿಡ ಕಂಡರೆ ಕೂಡಲೇ ತಿಳಿಸುವುದು ಕಲಂ 46ರಂತೆ ಮಾಲೀಕನ ಕರ್ತವ್ಯ. ಗೊತ್ತಿದ್ದೂ ಸುಮ್ಮನಿದ್ದರೆ ಅದೇ ಅಪರಾಧ. ಸರಪಂಚರಿಗೂ ಕಲಂ 47ರಲ್ಲಿ ಇಂಥದೇ ಹೊಣೆ ಇದೆ.

ಬಾಡಿಗೆಗೆ ಹೋದ ಗಾಡಿ ಜಪ್ತಿಯಾದರೆ, ತನಗೆ ತಿಳಿಯದೆ ಬಳಸಿದರು ಎಂದು ಮಾಲೀಕ ತೋರಿಸಬೇಕು. ಕೇಸು ಮುಗಿಯುವ ಮೊದಲೇ ಗಾಡಿ ಬಿಡಿಸಿಕೊಳ್ಳಲು ಅರ್ಜಿ ಹಾಕಬಹುದೆಂದು 2025ರ ಜನವರಿಯ ಬಿಶ್ವಜಿತ್ ಡೇ ತೀರ್ಪು ದಾರಿ ಮಾಡಿದೆ.

ಹಂತ 8: ಹುಡುಗನಿಗೆ ನಶೆಯ ಚಟವೇ ಇದ್ದರೆ

ಮನೆಯವರು ಮುಚ್ಚಿಡುವ ಈ ಸಂಗತಿಯೇ ಕೆಲವೊಮ್ಮೆ ರಕ್ಷಣೆಯಾಗುತ್ತದೆ. ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಕಲಂ 64ಎ ಆತನನ್ನು ಆ ಆರೋಪದ ವಿಚಾರಣೆಯಿಂದ ಕಾಯುತ್ತದೆ. ಮಾರಾಟದ ದೊಡ್ಡ ಕೇಸಿಗೆ ಇದು ಒಗ್ಗದು. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಹತ್ತಿರದ ದೊಡ್ಡ ಸರ್ಕಾರಿ ಆಸ್ಪತ್ರೆ ಸೊಲ್ಲಾಪುರದ ವೈಶಂಪಾಯನ ವೈದ್ಯಕೀಯ ಕಾಲೇಜಿನದು. ದಾಖಲಾದ ದಿನದಿಂದ ಬಿಡುಗಡೆಯ ದಿನದವರೆಗಿನ ಪ್ರತಿ ಚೀಟಿಯನ್ನೂ ಇಟ್ಟುಕೊಳ್ಳಿ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಈ ರಕ್ಷಣೆಯನ್ನು ಹಿಂತೆಗೆದುಕೊಳ್ಳಲು ಅದೇ ಕಲಮಿನಲ್ಲಿ ಅವಕಾಶವಿದೆ.