ಹಿಮ ನೋಡಿ ಟ್ರ್ಯಾಕ್ ಆರಿಸಿ: ಸ್ನೋ ಬೈಕ್ ಸವಾರರಿಗೆ ಕೆಲವು ಸೂತ್ರಗಳು

ನಾಟಿಗೆ ಮುಂಚೆ ಕೆಸರು ಗದ್ದೆಗೆ ಇಳಿಯುವ ಟ್ರ್ಯಾಕ್ಟರಿಗೆ ಕೇಜ್ ವೀಲ್ ಹಾಕುತ್ತಾರೆ. ಕೆಲಸ ಮುಗಿಸಿ ಡಾಂಬರು ರಸ್ತೆಗೆ ಬರುವಾಗ ಕಳಚಿಡುತ್ತಾರೆ. ಯಾವ ನೆಲಕ್ಕೆ ಯಾವ ಚಕ್ರ ಅನ್ನುವುದನ್ನು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಸ್ನೋ ಬೈಕಿನ ವಿದ್ಯೆಯೂ ಇಷ್ಟೇ. ಡರ್ಟ್ ಬೈಕಿನ ಮುಂದಿನ ಗಾಲಿ ಬಿಚ್ಚಿ ಒಂದು ಸ್ಕೀ ಕೂರಿಸುತ್ತಾರೆ. ಹಿಂದಿನ ಗಾಲಿಯನ್ನೂ ಸ್ವಿಂಗ್‌ಆರ್ಮನ್ನೂ ತೆಗೆದು ಆ ಜಾಗಕ್ಕೆ ರಬ್ಬರ್ ಟ್ರ್ಯಾಕ್ ಜೋಡಿಸುತ್ತಾರೆ. ಈ ಜೋಡಣೆಯ ಇಡೀ ಸಾಮಾನೇ ಟ್ರ್ಯಾಕ್ ಕಿಟ್.

ಅಮೆರಿಕದ ಐಡಹೊ ರಾಜ್ಯದ ಸ್ಯಾಂಡ್‌ಪಾಯಿಂಟ್ ಎಂಬ ಸಣ್ಣ ಊರಿನ ಟಿಂಬರ್‌ಸ್ಲೆಡ್ ಕಂಪನಿ ಈ ಕಿಟ್‌ಗಳಿಗೆ ಹೆಸರು ತಂದಿತು. 2015ರಲ್ಲಿ ಸ್ನೋಮೊಬೈಲ್ ತಯಾರಿಸುವ ಪೊಲಾರಿಸ್ ಕಂಪನಿ ಅದನ್ನು ಕೊಂಡಿತು. 2017ರ ಜನವರಿಯಲ್ಲಿ ಕೊಲರಾಡೊದ ಆಸ್ಪೆನ್‌ನಲ್ಲಿ ನಡೆದ ಎಕ್ಸ್ ಗೇಮ್ಸ್ ಎಂಬ ಸಾಹಸ ಕ್ರೀಡಾಕೂಟಕ್ಕೆ ಸ್ನೋ ಬೈಕ್‌ಗಳ ಓಟವಾದ ಸ್ನೋ ಬೈಕ್‌ಕ್ರಾಸ್ ಮೊದಲ ಬಾರಿ ಸೇರಿತು. ಕೆನಡಾದ ಬ್ರಾಕ್ ಹೋಯರ್ ಚಿನ್ನ ಗೆದ್ದರು. ಸಿಯಾಟಲ್, ಕ್ಯಾಲ್ಗರಿ, ವ್ಯಾಂಕೂವರ್ ಕಡೆ ನೆಲೆಸಿರುವ ಕನ್ನಡಿಗರಿಗೆ ಈ ಆಟದ ಬೆಟ್ಟಗಳು ವಾರಾಂತ್ಯಕ್ಕೆ ಹೋಗಿಬರುವಷ್ಟು ಹತ್ತಿರ. ಕಿಟ್‌ಗೆ ಸಾವಿರಾರು ಡಾಲರ್ ಸುರಿಯುವ ಮುಂಚೆ ಅವರು ಇದನ್ನೊಮ್ಮೆ ಓದಲಿ.

1. ಕನಸಿನ ದಿನಕ್ಕಲ್ಲ, ಹೆಚ್ಚಿನ ದಿನಗಳಿಗೆ ಕೊಳ್ಳಿ.

ನನ್ನ ಮೊದಲ ಕಿಟ್ ಉದ್ದದ ಟ್ರ್ಯಾಕ್‌ನದು, ಅದರ ಲಗ್‌ಗಳು, ಅಂದರೆ ಹಿಮವನ್ನು ಹಿಂದಕ್ಕೆ ತಳ್ಳುವ ಪಟ್ಟಿಗಳು, ಮೂರು ಇಂಚು ಎತ್ತರದವು. ಯೂಟಾದ ಬೆಟ್ಟಗಳಲ್ಲಿ ಸೊಂಟ ಮುಳುಗುವ ಪುಡಿಹಿಮವನ್ನು ಸೀಳಿಕೊಂಡು ಹೋಗುವವರನ್ನು ನೋಡಿ ಮನಸೋತು ಕೊಂಡಿದ್ದೆ. ನಾನು ಓಡಿಸಿದ್ದು ಮಾತ್ರ ವಾಷಿಂಗ್ಟನ್ ರಾಜ್ಯದ ಕ್ಯಾಸ್ಕೇಡ್ ಬೆಟ್ಟಗಳಲ್ಲಿ. ಅಲ್ಲಿ ಪ್ರತಿ ಸಲವೂ ಸ್ನೋಮೊಬೈಲ್‌ಗಳು ತುಳಿದು ಗಟ್ಟಿಯಾದ ಕಾಡುರಸ್ತೆಯಲ್ಲಿ ಮೈಲಿಗಟ್ಟಲೆ ಹೋದ ಮೇಲೆಯೇ ಮೆತ್ತನೆಯ ಹಿಮ ಸಿಗುವುದು. ಚಳಿಗಾಲ ಮುಗಿದ ಮೇಲೆ ಲೆಕ್ಕ ಹಾಕಿದೆ. ಆಳವಾದ ಹೊಸ ಹಿಮ ಸಿಕ್ಕಿದ್ದು ಮೂರೇ ದಿನ. ಉಳಿದ ದಿನಗಳಲ್ಲಿ ಆ ಎತ್ತರದ ಲಗ್‌ಗಳು ಗಟ್ಟಿ ನೆಲದ ಮೇಲೆ ಬಾಗಿ, ಒಲೆದಾಡಿ, ಸವೆದುಹೋದವು.

ಹಾಗಾಗಿ ಮೊದಲ ಕೆಲಸ ಕ್ಯಾಲೆಂಡರ್ ನೋಡುವುದು. ಎಷ್ಟು ದಿನ ಹೋಗುತ್ತೀರಿ? ಯಾವ ತಿಂಗಳು? ಗಾಡಿ ನಿಲ್ಲಿಸುವ ಜಾಗದಿಂದ ನಿಮ್ಮ ಆಟದ ಬಯಲಿಗೆ ಎಷ್ಟು ಮೈಲಿ ಗಟ್ಟಿ ದಾರಿ? ಈ ಮೂರಕ್ಕೆ ಉತ್ತರ ಸಿಕ್ಕರೆ ಅರ್ಧ ಕಿಟ್ ಆರಿಸಿದಂತೆ.

2. ನಿಮ್ಮ ಹಿಮದ ತೂಕ ತಿಳಿದುಕೊಳ್ಳಿ.

ಹಿಮವೆಲ್ಲ ಒಂದೇ ಅಲ್ಲ. ಹತ್ತು ಇಂಚು ಹೊಸ ಹಿಮ ಕರಗಿದರೆ ಒಂದು ಇಂಚು ನೀರು ಎಂಬುದು ಹಳೆಯ ಅಂದಾಜು. ಯೂಟಾದ ವಾಸಾಚ್ ಬೆಟ್ಟಗಳಲ್ಲಿ ಒಂದು ಇಂಚು ನೀರಿಗೆ ಹನ್ನೆರಡು ಇಂಚಿನ ಹಗುರ ಹಿಮ ಬೀಳುವುದು ಸಾಮಾನ್ಯ. ಸಮುದ್ರದ ತೇವ ಹೊತ್ತ ಗಾಳಿ ಬಂದು ಬಡಿಯುವ ಕ್ಯಾಸ್ಕೇಡ್‌ನಲ್ಲಿ ಹಿಮ ಎಷ್ಟು ಭಾರವೆಂದರೆ ಅಲ್ಲಿನವರು ಅದನ್ನು 'ಕ್ಯಾಸ್ಕೇಡ್ ಕಾಂಕ್ರೀಟ್' ಎಂದೇ ಕರೆಯುತ್ತಾರೆ.

ನಿಮ್ಮ ಬೆಟ್ಟದ್ದು ಯಾವುದು ಎಂದು ಊಹಿಸುತ್ತ ಕೂರಬೇಡಿ. ಅಮೆರಿಕದ ಪಶ್ಚಿಮದ ಬೆಟ್ಟಗಳಲ್ಲಿ ಸರ್ಕಾರದ ಸ್ನೋಟೆಲ್ ಎಂಬ ಎಂಟುನೂರಕ್ಕೂ ಹೆಚ್ಚು ತಾನಾಗಿಯೇ ಅಳೆಯುವ ಕೇಂದ್ರಗಳಿವೆ. ಅವು ಹಿಮದ ಆಳವನ್ನೂ ಅದರಲ್ಲಿರುವ ನೀರನ್ನೂ ದಿನವೂ ತಿಳಿಸುತ್ತವೆ, ಯಾರು ಬೇಕಾದರೂ ಬಿಟ್ಟಿ ನೋಡಬಹುದು. ನೀರಿನ ಅಂಕಿಯನ್ನು ಆಳದಿಂದ ಭಾಗಿಸಿ. ನೂರು ಇಂಚು ಆಳ, ಮೂವತ್ತು ಇಂಚು ನೀರು ಎಂದರೆ ಸಾಂದ್ರತೆ ಶೇ. 30. ಇದು ತಳದಿಂದ ಮೇಲಿನವರೆಗಿನ ಸರಾಸರಿ, ಮೇಲ್ಪದರ ಇದಕ್ಕಿಂತ ಹಗುರವಿರಬಹುದು. ಹಿಮ ಬಿದ್ದ ದಿನ ಆಳ ಎಷ್ಟು ಏರಿತು, ನೀರು ಎಷ್ಟು ಏರಿತು ಎಂದು ಬೇರೆಯಾಗಿ ಲೆಕ್ಕ ಹಾಕಿದರೆ ಹೊಸ ಹಿಮದ ಗುಣವೂ ತಿಳಿಯುತ್ತದೆ. ಹಿಂದಿನ ನಾಲ್ಕೈದು ಚಳಿಗಾಲಗಳ ಅಂಕಿ ಒಂದು ಸಂಜೆ ಕೂತು ನೋಡಿ. ಅಂಗಡಿಯವರ ಸಲಹೆಗಿಂತ ಇದು ಗಟ್ಟಿ.

3. ಕೈಯಿಂದಲೂ ಮುಟ್ಟಿ ನೋಡಿ.

ಹಿಮ ತಜ್ಞರು ಬಳಸುವ ಸರಳ ಪರೀಕ್ಷೆಯೊಂದಿದೆ. ಸಲಿಕೆಯಿಂದ ಹಿಮವನ್ನು ಗೋಡೆಯಂತೆ ಕಡಿದು, ಕೈಗವಸು ಹಾಕಿದ ಕೈಯಿಂದ ಮೆಲ್ಲಗೆ ಒತ್ತುವುದು. ಮುಷ್ಟಿ ಒಳಹೋದರೆ ತೀರಾ ಮೆತ್ತನೆ. ಆಮೇಲೆ ನಾಲ್ಕು ಬೆರಳು, ಒಂದು ಬೆರಳು, ಪೆನ್ಸಿಲ್, ಕೊನೆಗೆ ಚಾಕು. ಪ್ರತಿ ಸವಾರಿಯ ದಿನ ಇದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಪುಟ ತುಂಬ 'ಮುಷ್ಟಿ', 'ನಾಲ್ಕು ಬೆರಳು' ಎಂದಿದ್ದರೆ ನಿಮಗೆ ಬೇಕಾದ್ದು ಉದ್ದದ ಟ್ರ್ಯಾಕ್, ಎತ್ತರದ ಲಗ್. 'ಪೆನ್ಸಿಲ್', 'ಚಾಕು' ಎಂದೇ ತುಂಬಿದ್ದರೆ ಚಿಕ್ಕ ಟ್ರ್ಯಾಕ್, ಗಿಡ್ಡ ಲಗ್.

4. ಉದ್ದ ಹೆಚ್ಚಿದಷ್ಟೂ ತೇಲುತ್ತದೆ, ತಿರುಗುವುದು ಕಷ್ಟವಾಗುತ್ತದೆ.

ಮಾರುಕಟ್ಟೆಯಲ್ಲಿ ಕೇಳಿಬರುವ ಅಂಕಿಗಳು 120, 129, 137. ಇವು ಟ್ರ್ಯಾಕನ್ನು ಒಂದು ಸುತ್ತು ಅಳೆದರೆ ಬರುವ ಇಂಚುಗಳು. ನೆಲಕ್ಕೆ ತಾಗುವುದು ಇದರ ಅರ್ಧಕ್ಕಿಂತ ಕಡಿಮೆ. ಸ್ನೋ ಬೈಕಿನ ಟ್ರ್ಯಾಕ್ ಅಗಲ ಸುಮಾರು 11–12 ಇಂಚು ಅಷ್ಟೇ. ಸ್ನೋಮೊಬೈಲ್‌ನದು ಸಾಮಾನ್ಯವಾಗಿ 15 ಇಂಚು. ಈ ಸಪೂರ ಅಗಲವೇ ಸ್ನೋ ಬೈಕಿನ ಪ್ರಾಣ. ಬೈಕನ್ನು ಒಂದು ಬದಿಗೆ ವಾಲಿಸಿ, ಇಳಿಜಾರಿಗೆ ಅಡ್ಡಲಾಗಿ, ಮರಗಳ ಸಂದಿಯಲ್ಲಿ ನುಸುಳಲು ಆಗುವುದು ಅದರಿಂದಲೇ. ಅಗಲ ಹೆಚ್ಚಿಸಿದರೆ ವಾಲಿಸುವ ಸುಖ ಹೋಗುತ್ತದೆ. ಆದ್ದರಿಂದ ತೇಲುವ ಶಕ್ತಿ ಬೇಕೆಂದವರು ಉದ್ದವನ್ನೇ ಹೆಚ್ಚಿಸಬೇಕು.

ನನ್ನ ತೀರ್ಪು ಹೀಗಿದೆ. ಮರಗಳ ನಡುವೆ ಆಡುವ, ಹಾರುವ, ಗಟ್ಟಿ ದಾರಿಯಲ್ಲೂ ಓಡಾಡುವ ಹಗುರ ಮೈಯವರಿಗೆ 120 ಸಾಕು. ಸವಾರ, ಬೆನ್ನಚೀಲ, ಸಾಮಾನು ಸೇರಿ ನೂರು ಕಿಲೋ ದಾಟಿದರೆ ಅಥವಾ ನಿಮ್ಮ ಬೆಟ್ಟದಲ್ಲಿ ಪುಡಿಹಿಮವೇ ಹೆಚ್ಚಾದರೆ 129. 137 ತೀರಾ ಆಳದ ಹಿಮಕ್ಕೆ, ಕಡಿದಾದ ಏರಿಗೆ, ಅದನ್ನು ಎಳೆಯುವ ಬಲವುಳ್ಳ ಎಂಜಿನ್ ಇದ್ದವರಿಗೆ. ಯಾವುದೆಂದು ತೋಚದಿದ್ದರೆ 129 ಕೊಳ್ಳಿ. ಅದರಿಂದ ದೊಡ್ಡ ತಪ್ಪಾಗುವುದಿಲ್ಲ.

5. ಲಗ್‌ನ ಎತ್ತರ ಹಿಮದ ಗುಣಕ್ಕೆ ತಕ್ಕಂತಿರಲಿ.

ಟ್ರ್ಯಾಕ್ ಮೇಲಿನ ಹುಟ್ಟುಗಳಂಥ ಪಟ್ಟಿಗಳೇ ಲಗ್. ಅಕ್ಕಿಹಿಟ್ಟಿನಂಥ ಒಣ ಹಿಮವನ್ನು ಹಿಡಿದು ಹಿಂದಕ್ಕೆ ತಳ್ಳಲು ಎತ್ತರದ ಹುಟ್ಟು ಬೇಕು. ಅಲ್ಲಿ ಮೂರು ಇಂಚು ಸರಿ. ನಾನಾ ಬಗೆಯ ಹಿಮಕ್ಕೆ ಎರಡೂವರೆ ಇಂಚು. ರೇಸಿಗೆ, ಒತ್ತಿ ಗಟ್ಟಿಮಾಡಿದ ಹಾದಿಗೆ ಎರಡು ಇಂಚು ಅಥವಾ ಅದಕ್ಕೂ ಗಿಡ್ಡ.

ಪಿಚ್ ಕೂಡ ಕೇಳಿ ತಿಳಿದುಕೊಳ್ಳಿ. ಅದು ಲಗ್ ಸಾಲುಗಳ ನಡುವಿನ ಅಂತರ. 120 ಇಂಚಿನ ಟ್ರ್ಯಾಕ್‌ಗೆ ಮೂರು ಇಂಚಿನ ಪಿಚ್ ಇದ್ದರೆ ನಲವತ್ತು ಸಾಲು, ಎರಡೂವರೆ ಇಂಚಿದ್ದರೆ ನಲವತ್ತೆಂಟು. ಸಾಲು ವಿರಳವಾದಷ್ಟೂ ಹಿಮ ಸಂದಿಯಲ್ಲಿ ಕಚ್ಚಿಕೊಳ್ಳದೆ ಉದುರುತ್ತದೆ. ಒತ್ತಾದಷ್ಟೂ ಗಟ್ಟಿ ನೆಲದಲ್ಲಿ ನಡುಕ ಕಡಿಮೆ.

6. ಒದ್ದೆ ಹಿಮಕ್ಕೆ ಬೇರೆಯದೇ ಲೆಕ್ಕ.

ಹೊಸಬರು ಹೆಚ್ಚು ಎಡವುವುದು ಇಲ್ಲಿ. ಒದ್ದೆ ಹಿಮ ಕಲಸಿದ ಕಡುಬಿನ ಹಿಟ್ಟಿನಂತೆ. ಬೈಕ್ ಅದರಲ್ಲಿ ಸುಲಭಕ್ಕೆ ಮುಳುಗುವುದಿಲ್ಲ, ಹಾಗಾಗಿ ತೇಲಿಸಲೆಂದು ಉದ್ದದ ಟ್ರ್ಯಾಕ್ ಬೇಕಿಲ್ಲ. ಆದರೆ ಪ್ರತಿ ಲಗ್ ಎತ್ತಿ ಎಸೆಯುವ ಹಿಮದ ಭಾರ ಹೆಚ್ಚು, ಎಂಜಿನ್ ಏದುಸಿರು ಬಿಡುತ್ತದೆ. ಮೆತ್ತನೆ ರಬ್ಬರಿನ ಎತ್ತರದ ಲಗ್ ಇಲ್ಲಿ ಹಿಂದಕ್ಕೆ ಮಡಚಿಕೊಂಡು ಹಿಡಿತ ಬಿಡುತ್ತದೆ. ಗಟ್ಟಿ ರಬ್ಬರಿನ ಎರಡೂವರೆ ಇಂಚಿನ ಲಗ್ ಇದಕ್ಕೆ ಮೇಲು. ಮಧ್ಯಾಹ್ನ ತೋಯ್ದ ಹಿಮ ಸಂಜೆ ಹೆಪ್ಪುಗಟ್ಟುತ್ತದೆ ಎಂಬುದೂ ನೆನಪಿರಲಿ. ಮನೆಗೆ ಹೊರಡುವ ಮುನ್ನ ಟ್ರ್ಯಾಕ್ ಒಳಗಿನ ಹಿಮ ಕೆರೆದು ತೆಗೆಯದಿದ್ದರೆ ಮರುದಿನ ಅದು ಒಂದೇ ಮಂಜುಗಡ್ಡೆಯಾಗಿ ಅಲುಗಾಡುವುದಿಲ್ಲ.

7. ಗಟ್ಟಿ ಹಿಮದಲ್ಲಿ ಹೈಫ್ಯಾಕ್ಸ್ ಕಾಯಿರಿ.

ಟ್ರ್ಯಾಕ್ ಒಳಗಿನ ಹಳಿಗಳ ಅಡಿಯಲ್ಲಿ ಪ್ಲಾಸ್ಟಿಕ್ ಪಟ್ಟಿಗಳಿರುತ್ತವೆ. ಸವಾರರು ಅವನ್ನು ಹೈಫ್ಯಾಕ್ಸ್ ಅಥವಾ ಸ್ಲೈಡರ್ ಎನ್ನುತ್ತಾರೆ. ಅವಕ್ಕೆ ಎಣ್ಣೆಯೂ ಹಿಮವೇ, ತಣ್ಣೀರೂ ಹಿಮವೇ. ವಸಂತದ ಮುಂಜಾನೆ, ಕಲ್ಲುಪ್ಪಿನ ಹರಳುಗಳು ಒಂದಕ್ಕೊಂದು ಅಂಟಿ ಕಲ್ಲಾದಂಥ ಹಿಮದ ಮೇಲೆ ವೇಗವಾಗಿ ಹೋದರೆ ಒಳಗೆ ಹಿಮ ಸಿಡಿಯುವುದಿಲ್ಲ. ಪಟ್ಟಿ ಬಿಸಿಯಾಗಿ, ಮೆತ್ತಗಾಗಿ, ಕರಗುತ್ತದೆ. ನನ್ನ ಮೊದಲ ಜೋಡಿ ಹೀಗೆಯೇ ಹೋಯಿತು. ಸುಟ್ಟ ಪ್ಲಾಸ್ಟಿಕ್ ವಾಸನೆ ಬಂದಾಗ ನೋಡಿದರೆ ಅರ್ಧ ಪಟ್ಟಿಯೇ ಇರಲಿಲ್ಲ.

ಇದಕ್ಕೆ ಅಗ್ಗದ ಪರಿಹಾರ ಸ್ಕ್ರ್ಯಾಚರ್. ನೆಲವನ್ನು ಕೆರೆದು ಹಿಮದ ಪುಡಿಯನ್ನು ಹಳಿಗೆ ಚಿಮ್ಮಿಸುವ ಕಂಬಿ ಅದು. ಗಟ್ಟಿ ದಾರಿ ಹೆಚ್ಚಿರುವವರು ಕಿಟ್ ಜೊತೆಯಲ್ಲೇ ಕೊಳ್ಳಿ. ದಾರಿಯ ಅಂಚಿನ ಮೆತ್ತನೆ ಹಿಮಕ್ಕೆ ಆಗಾಗ ಇಳಿದು ಬನ್ನಿ. ಟ್ರ್ಯಾಕ್‌ನ ಬಿಗಿಯನ್ನು ಕೈಪಿಡಿ ಹೇಳಿದಷ್ಟೇ ಇಡಿ. ಅತಿ ಬಿಗಿಯಾದರೂ ಪಟ್ಟಿ ಸವೆಯುತ್ತದೆ, ಸಡಿಲವಾದರೆ ಟ್ರ್ಯಾಕ್ ಹಲ್ಲು ತಪ್ಪಿ ಜಿಗಿಯುತ್ತದೆ.

8. ಸ್ಕೀ ಕೂಡ ಕಿಟ್‌ನ ಭಾಗವೇ.

ಎಲ್ಲರ ಕಣ್ಣೂ ಟ್ರ್ಯಾಕ್ ಮೇಲೆ. ಆದರೆ ಬೈಕಿಗೆ ದಾರಿ ತೋರುವುದು ಮುಂದಿನ ಸ್ಕೀ. ಪುಡಿಹಿಮಕ್ಕೆ ಅಗಲವಾದ ಸ್ಕೀ, ಮೂತಿ ಮುಳುಗದಿರಲಿ. ಗಟ್ಟಿ ಹಿಮಕ್ಕೆ ಅಡಿಯಲ್ಲಿ ಆಳವಾದ ಕೀಲ್, ಅದರ ಕೆಳಗೆ ಕಾರ್ಬೈಡ್ ಹಚ್ಚಿದ ಕಂಬಿ. ಈ ಕಂಬಿ ಸವೆದಿದ್ದರೆ ಸ್ನೋಮೊಬೈಲ್‌ಗಳ ಜಾಡಿಗೆ ಸಿಕ್ಕ ಸ್ಕೀ ಹ್ಯಾಂಡಲ್ ಅನ್ನೇ ಕಿತ್ತುಕೊಳ್ಳುತ್ತದೆ.

9. ಎತ್ತರಕ್ಕೆ ತಕ್ಕ ಎಂಜಿನ್, ಎಂಜಿನ್‌ಗೆ ತಕ್ಕ ಟ್ರ್ಯಾಕ್.

ವಯೋಮಿಂಗ್‌ನ ಟೊಗೊಟಿ ಕಣಿವೆದಾರಿ ಸುಮಾರು 2,900 ಮೀಟರ್ ಎತ್ತರದಲ್ಲಿದೆ. ಬ್ರಿಟಿಷ್ ಕೊಲಂಬಿಯಾದ ರೆವೆಲ್‌ಸ್ಟೋಕ್ ಪಟ್ಟಣ ಐನೂರು ಮೀಟರನ್ನೂ ಮುಟ್ಟುವುದಿಲ್ಲ. ಅಲ್ಲಿ ಸವಾರಿ ತೀರಾ ಕೆಳಗಿನಿಂದ ಶುರುವಾಗುತ್ತದೆ. ಮೂರು ಸಾವಿರ ಮೀಟರಿನಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು ಕಾಲು ಭಾಗ ಕಡಿಮೆ, ಟರ್ಬೊ ಇಲ್ಲದ ಎಂಜಿನ್‌ನ ಬಲವೂ ಸರಿಸುಮಾರು ಅಷ್ಟೇ ಇಳಿಯುತ್ತದೆ. ಇಂಧನವನ್ನು ಇಂಜೆಕ್ಷನ್ ತಾನೇ ಸರಿಹೊಂದಿಸಿಕೊಳ್ಳಬಹುದು, ಕಳೆದ ಬಲವನ್ನು ತಂದುಕೊಡಲಾರದು. ಹಾಗಾಗಿ 450 ಸಿಸಿ ಫೋರ್‌ಸ್ಟ್ರೋಕ್ ಬೈಕೇ ಇಲ್ಲಿ ಸುರಕ್ಷಿತ ಆಯ್ಕೆ. 250 ಫೋರ್‌ಸ್ಟ್ರೋಕ್‌ಗೆ 137ರ ಟ್ರ್ಯಾಕ್ ಕಟ್ಟುವುದು ಕರುವಿಗೆ ನೊಗ ಹೂಡಿದಂತೆ. ಎತ್ತರ ಹೆಚ್ಚಾದರೆ ಮುಂದಿನ ಸ್ಪ್ರಾಕೆಟ್‌ನಲ್ಲಿ ಒಂದು ಹಲ್ಲು ಕಡಿಮೆ ಮಾಡಿ ನೋಡಿ.

10. ನಿಮ್ಮ ಬೈಕಿನ ಹೆಸರು, ಮಾದರಿ, ವರ್ಷ ಹೇಳಿ ಫಿಟ್ ಕಿಟ್ ಕೇಳಿ.

ಟ್ರ್ಯಾಕ್ ಕಿಟ್ ಬೇರೆ, ಅದನ್ನು ನಿಮ್ಮ ಬೈಕಿಗೆ ಕೂರಿಸುವ ಫಿಟ್ ಕಿಟ್ ಬೇರೆ. ಹೊಸ ಮಾದರಿ ಬೈಕ್ ಕೊಂಡವರು ಫಿಟ್ ಕಿಟ್ ಬಂದಿದೆಯೇ ಎಂದು ಮೊದಲೇ ಖಾತ್ರಿ ಮಾಡಿಕೊಳ್ಳಿ. ಥರ್ಮೋಸ್ಟಾಟ್ ಮತ್ತು ರೇಡಿಯೇಟರ್ ಹೊದಿಕೆಯನ್ನೂ ಪಟ್ಟಿಗೆ ಸೇರಿಸಿ. ಮಣ್ಣಿನ ದಾರಿಗೆ ಹುಟ್ಟಿದ ಎಂಜಿನ್ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಬಿಸಿಯೇ ಆಗದೆ ಓಡುತ್ತದೆ. ಆಗ ಆಯಿಲ್‌ನಲ್ಲಿ ನೀರು ಸೇರಿ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಚಳಿಗಾಲದಲ್ಲಿ ಆಯಿಲ್ ಬೇಗ ಬೇಗ ಬದಲಿಸಿ.

11. ಹಳೆಯ ಕಿಟ್ ಕೊಳ್ಳುವುದಾದರೆ ಬೋರಲು ಹಾಕಿ ನೋಡಿ.

ಲಗ್‌ಗಳ ಬುಡದಲ್ಲಿ ಸೀಳು, ಸವೆದ ಹೈಫ್ಯಾಕ್ಸ್, ಅಲುಗಾಡುವ ಬೇರಿಂಗ್, ಬಾಗಿದ ಹಳಿ, ಸೋರುವ ಶಾಕ್ ಅಬ್ಸಾರ್ಬರ್. ಇವು ಐದೂ ಸರಿ ಇದ್ದರೆ ಮಾತ್ರ ದರದ ಮಾತು.

12. ನಕ್ಷೆ ನೋಡಿ ಹೊರಡಿ.

ಅಮೆರಿಕದಲ್ಲಿ 1964ರ ವಿಲ್ಡರ್‌ನೆಸ್ ಕಾಯ್ದೆಯಡಿ ಗುರುತಿಸಿದ ಕಾಡುಗಳಿಗೆ ಎಂಜಿನ್ ವಾಹನ ಒಯ್ಯುವಂತಿಲ್ಲ. ಹಿಮದ ಮೇಲೆ ಗಡಿಕಲ್ಲು ಕಾಣುವುದಿಲ್ಲ. ಅರಣ್ಯ ಇಲಾಖೆಯ ಚಳಿಗಾಲದ ನಕ್ಷೆಯನ್ನು ಫೋನಿಗೆ ಇಳಿಸಿಕೊಂಡಿರಿ.

13. ಕಿಟ್‌ನ ಹಣದಲ್ಲೇ ಜೀವದ ಸಾಮಾನಿಗೂ ಪಾಲು ತೆಗೆದಿಡಿ.

ಒಳ್ಳೆಯ ಟ್ರ್ಯಾಕ್ ನಿಮ್ಮನ್ನು ಈ ಹಿಂದೆ ಹತ್ತಲಾಗದ ಇಳಿಜಾರಿಗೆ ಕರೆದೊಯ್ಯುತ್ತದೆ. ಹಿಮಕುಸಿತಗಳು ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಓರೆಯ ಇಳಿಜಾರುಗಳಲ್ಲಿ, ಸವಾರರಿಗೆ ಇಷ್ಟವಾಗುವುದೂ ಅವೇ. ಹೂತುಹೋದವರಲ್ಲಿ ಬದುಕುಳಿಯುವ ಸಾಧ್ಯತೆ ಮೊದಲ ಹತ್ತು ನಿಮಿಷ ದಾಟಿದ ಮೇಲೆ ಸರಸರನೆ ಕುಸಿಯುತ್ತದೆ. ಅಷ್ಟರೊಳಗೆ ಹೊರಗಿನಿಂದ ನೆರವು ಬರುವುದಿಲ್ಲ, ಅಗೆದು ತೆಗೆಯಬೇಕಾದವರು ಜೊತೆಗಾರರೇ. ಹೂತವರನ್ನು ಸಂಕೇತದಿಂದ ಪತ್ತೆಹಚ್ಚುವ ಟ್ರಾನ್ಸೀವರ್, ಹಿಮದೊಳಗೆ ಚುಚ್ಚಿ ನೋಡುವ ಕೋಲಾದ ಪ್ರೋಬ್, ಸಲಿಕೆ ಪ್ರತಿಯೊಬ್ಬರ ಮೈಮೇಲೆ ಇರಬೇಕು, ಬೈಕಿಗೆ ಕಟ್ಟಿದರೆ ಪ್ರಯೋಜನವಿಲ್ಲ. ಫೋನನ್ನು ಟ್ರಾನ್ಸೀವರ್‌ನಿಂದ ಕನಿಷ್ಠ 20 ಸೆಂ.ಮೀ. ದೂರವಿಡಿ, ಹುಡುಕುವಾಗ 50 ಸೆಂ.ಮೀ. ಕಡಿದಾದ ಇಳಿಜಾರಿಗೆ ಒಬ್ಬೊಬ್ಬರಾಗಿಯೇ ಇಳಿಯಿರಿ, ಉಳಿದವರು ಸುರಕ್ಷಿತ ಜಾಗದಲ್ಲಿ ನಿಂತು ನೋಡುತ್ತಿರಲಿ. ಅವಲಾಂಚ್ ಕೆನಡಾ, ಯೂಟಾ ಅವಲಾಂಚ್ ಸೆಂಟರ್‌ನಂಥ ಸಂಸ್ಥೆಗಳು ಚಳಿಗಾಲದುದ್ದಕ್ಕೂ ಹಿಮಕುಸಿತದ ಮುನ್ಸೂಚನೆ ಕೊಡುತ್ತವೆ, ಹೊಸಬರಿಗೆ ತರಬೇತಿಯ ದಾರಿಯನ್ನೂ ತೋರಿಸುತ್ತವೆ. ಮೊದಲ ಹಿಮ ಬೀಳುವ ಮುಂಚೆಯೇ ಒಂದು ತರಬೇತಿಗೆ ಹೆಸರು ಕೊಡಿ, ನಿಮ್ಮ ಜೊತೆ ಬರುವ ಗೆಳೆಯರನ್ನೂ ಕರೆದುಕೊಂಡು ಹೋಗಿ.