ಶ್ರಾವಕನ ಮನೆಯ ಉಗ್ರಾಣ: ಹೊಸ ಅಡುಗೆಮನೆಗೆ ಯಾವ ಬಗೆ ತಕ್ಕುದು?

ಗೃಹಸ್ಥನ ಮನೆಯಲ್ಲಿ ಐದು ‘ಸೂನಾ’ಗಳಿವೆ, ಅಂದರೆ ಜೀವಹಾನಿಗೆ ಅವಕಾಶವಾಗುವ ಐದು ತಾಣಗಳಿವೆ ಎಂದು ಪೂರ್ವಿಕರು ಎಣಿಸಿದ್ದಾರೆ. ಕುಟ್ಟುವ ಒರಳು, ಬೀಸುವ ಕಲ್ಲು, ಉರಿಯುವ ಒಲೆ, ನೀರಿನ ಕೊಡ, ಗುಡಿಸುವ ಪೊರಕೆ, ಇವೇ ಆ ಐದು. ದಾನಕ್ಕೆ ಪಾತ್ರರಾದ ಪೂಜ್ಯರು ಸೂನಾ ಮತ್ತು ಆರಂಭಗಳನ್ನು ತೊರೆದವರೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳುತ್ತಾರೆ. ಆದರೆ ಅವರಿಗೆ ಆಹಾರ ನೀಡುವ ಶ್ರಾವಕನು ಅವುಗಳನ್ನು ತೊರೆದವನಲ್ಲ. ಆದುದರಿಂದ ಅವನ ಎಚ್ಚರ ಇಮ್ಮಡಿಯಾಗಿರಬೇಕು. ಮೇಲಿನ ಐದರಲ್ಲಿ ಉಗ್ರಾಣದ ಹೆಸರಿಲ್ಲವೆಂಬುದು ನಿಜ. ಆದರೂ ಒರಳಿಗೆ, ಬೀಸುವ ಕಲ್ಲಿಗೆ, ಒಲೆಗೆ ಹೋಗುವ ಧಾನ್ಯವೆಲ್ಲವೂ ಹೊರಡುವುದು ಅಲ್ಲಿಂದಲೇ. ಉಗ್ರಾಣದಲ್ಲಿ ಕಣ್ಣಿಗೆ ಬೀಳದೆ ಹೋದ ಹುಳು ಗಿರಣಿಯಲ್ಲಿ ಬೀಳುವುದಿಲ್ಲ.

ಈಚೆಗೆ ನಮ್ಮ ಸಮಾಜದ ಎಷ್ಟೋ ಮನೆಗಳಲ್ಲಿ ಹಳೆಯ ಅಡುಗೆಮನೆಯನ್ನು ತೆಗೆದು ‘ಮಾಡ್ಯುಲರ್’ ಎಂಬ ಹೊಸ ಮಾದರಿಯನ್ನು ಹಾಕಿಸುತ್ತಿದ್ದಾರೆ. ಗುತ್ತಿಗೆದಾರನು ತಂದು ತೋರಿಸುವ ಚಿತ್ರಗಳಲ್ಲಿ ಉಗ್ರಾಣದ ನಾಲ್ಕಾರು ಬಗೆಗಳಿರುತ್ತವೆ. ಬಣ್ಣ ಬೆಲೆಗಳನ್ನು ನೋಡಿ ಆಯ್ಕೆ ನಡೆಯುತ್ತದೆ. ವ್ರತದ ದೃಷ್ಟಿಯಿಂದ ಆಯ್ಕೆ ಮಾಡುವುದು ಹೇಗೆಂಬುದನ್ನು ಇಲ್ಲಿ ವಿಚಾರಿಸೋಣ.

ಇದಕ್ಕೆ ಬೇಕಾದ ಅಳತೆಗೋಲು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿಯೇ ದೊರೆಯುತ್ತದೆ. ಅಹಿಂಸಾವ್ರತವನ್ನು ಸ್ಥಿರಗೊಳಿಸುವ ಐದು ಭಾವನೆಗಳೆಂದರೆ ವಚೋಗುಪ್ತಿ, ಮನೋಗುಪ್ತಿ, ಈರ್ಯಾಸಮಿತಿ, ಆದಾನನಿಕ್ಷೇಪಣ ಸಮಿತಿ ಮತ್ತು ಆಲೋಕಿತಪಾನಭೋಜನ. ಇವುಗಳಲ್ಲಿ ನಾಲ್ಕನೆಯದು ವಸ್ತುವನ್ನು ನೋಡಿ ಎತ್ತುವುದು, ನೋಡಿ ಇಡುವುದು. ಐದನೆಯದು ಬೆಳಕಿನಲ್ಲಿ ಚೆನ್ನಾಗಿ ನೋಡಿ ಉಣ್ಣುವುದು, ಕುಡಿಯುವುದು. ಸಮಿತಿಗಳು ಮುನಿಗಳಿಗೆ ಹೇಳಿದವಲ್ಲವೆ ಎಂದು ಕೆಲವರು ಕೇಳಬಹುದು. ಪೂರ್ಣವಾಗಿ ಪಾಲಿಸುವವರು ಮುನಿಗಳೇ ಹೌದು. ಅಣುವ್ರತಿಯು ನಡೆಯಬೇಕಾದ ದಿಕ್ಕು ಮಾತ್ರ ಬೇರೆಯಲ್ಲ. ಅದೇ ಅಧ್ಯಾಯದಲ್ಲಿ ಪ್ರೋಷಧೋಪವಾಸದ ಅತಿಚಾರಗಳನ್ನು ಹೇಳುವಾಗ, ನೋಡದೆ ಒರೆಸದೆ ವಸ್ತುಗಳನ್ನು ತೆಗೆದುಕೊಳ್ಳುವುದನ್ನು ಸೇರಿಸಲಾಗಿದೆ. ಪರಿಗ್ರಹ ಪರಿಮಾಣದ ಅತಿಚಾರಗಳಲ್ಲಿ ಧಾನ್ಯವೂ, ಪಾತ್ರೆ ಬಟ್ಟೆಗಳೆಂಬ ಕುಪ್ಯವೂ ಬರುತ್ತವೆ. ಆದುದರಿಂದ ಉಗ್ರಾಣದ ಮುಂದೆ ನಿಂತು ಕೇಳಬೇಕಾದ ಪ್ರಶ್ನೆಗಳು ಮೂರು. ಇಟ್ಟಿರುವುದೆಲ್ಲವೂ ಕಾಣುತ್ತದೆಯೆ? ಎಲ್ಲವನ್ನೂ ಎತ್ತಿ ಜಾಗವನ್ನು ಒರೆಸಲು ಬರುತ್ತದೆಯೆ? ಇದು ನಾವು ಕೈಕೊಂಡ ಪರಿಮಾಣದೊಳಗಿದೆಯೆ?

ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಅಡುಗೆಕಟ್ಟೆಯ ಕೆಳಗಿನ ಆಳವಾದ ಖಾನೆ. ಕಟ್ಟೆಯ ಅಗಲ ಸಾಮಾನ್ಯವಾಗಿ ಎರಡಡಿ. ಖಾನೆಯ ಆಳವೂ ಹತ್ತಿರ ಹತ್ತಿರ ಅಷ್ಟೇ. ಡಬ್ಬಿಗಳು ಮೂರು ಸಾಲಾಗಿ ನಿಲ್ಲುತ್ತವೆ. ಮುಂದಿನ ಸಾಲನ್ನು ದಿನವೂ ಬಳಸುತ್ತೇವೆ, ನಡುವಿನದನ್ನು ವಾರಕ್ಕೊಮ್ಮೆ ಮುಟ್ಟುತ್ತೇವೆ, ಹಿಂದಿನದನ್ನು ಮರೆಯುತ್ತೇವೆ. ನನ್ನ ಬಂಧುಗಳೊಬ್ಬರ ಹೊಸ ಮನೆಯಲ್ಲಿ ಮೂಲೆಯ ಖಾನೆಯಿಂದ ಹೆಸರುಕಾಳಿನ ಡಬ್ಬಿಯೊಂದು ಹೊರಬಂದಾಗ ಕಾಳಿಗಿಂತ ಹುಳುವೇ ಹೆಚ್ಚಾಗಿದ್ದಿತು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಕಾಳಿನ ಹುಳು ಕಾಳಿನ ಮೇಲೆ ಬಿಳಿಯ ಚುಕ್ಕೆಯಂತೆ ಮೊಟ್ಟೆ ಅಂಟಿಸುತ್ತದೆ. ಎಷ್ಟೋ ವೇಳೆ ಹೊಲದಲ್ಲಿ ಕಾಯಿಯಿರುವಾಗಲೇ ಇದು ನಡೆದಿರುತ್ತದೆ. ಬೆಚ್ಚನೆಯ ದಿನಗಳಲ್ಲಿ ಮೂರು ನಾಲ್ಕು ವಾರಗಳಲ್ಲಿ ಹೊಸ ಪೀಳಿಗೆ ಹೊರಬರುತ್ತದೆ. ಅಕ್ಕಿಯ ಮೂತಿಹುಳು ಕಾಳಿನೊಳಗೇ ಮೊಟ್ಟೆಯಿಟ್ಟು ರಂಧ್ರವನ್ನು ಮುಚ್ಚುವುದರಿಂದ, ಸುಮಾರು ಒಂದು ತಿಂಗಳ ಬಳಿಕ ಹೊರಬರುವವರೆಗೆ ಅದರ ಸುಳಿವೇ ಇರುವುದಿಲ್ಲ. ಮೂರು ತಿಂಗಳು ಮರೆತ ಡಬ್ಬಿಯಲ್ಲಿ ಮೂರು ಪೀಳಿಗೆಗಳು ಹುಟ್ಟಿ ಸಾಯುತ್ತವೆ. ಅವುಗಳನ್ನು ನಾವು ಕೈಯಾರೆ ಕೊಲ್ಲಲಿಲ್ಲವೆಂಬುದು ದಿಟ. ಆದರೆ ಹಿಂಸೆಗೆ ಮೂಲ ಪ್ರಮಾದವೆಂದು ಶಾಸ್ತ್ರ ಹೇಳುವಾಗ ಆ ಸಮಾಧಾನಕ್ಕೆ ಹೆಚ್ಚು ಬೆಲೆಯಿಲ್ಲ. ಮೂಲೆಯಲ್ಲಿ ಹಾಕುವ ತಿರುಗುವ ತಟ್ಟೆಯೂ ಈ ದೋಷವನ್ನು ಪೂರ್ಣವಾಗಿ ಕಳೆಯದು. ತಟ್ಟೆಯಿಂದ ಬಿದ್ದ ಕಾಳು ಅದರ ಕೆಳಗಿನ ಕತ್ತಲೆಯಲ್ಲಿ ಉಳಿಯುತ್ತದೆ.

ಹಳಿಯ ಮೇಲೆ ಹೊರಕ್ಕೆಳೆಯುವ ಎತ್ತರದ ಬೀರು ಇದಕ್ಕಿಂತ ಮೇಲು, ಏಕೆಂದರೆ ಎರಡು ಬದಿಯಿಂದಲೂ ಎಲ್ಲವೂ ಕಾಣುತ್ತದೆ. ಆದರೆ ಹಳಿಯ ಸಂದಿನಲ್ಲಿ ಸಕ್ಕರೆ ಬೆಲ್ಲದ ಕಣ ಬಿದ್ದರೆ ಇರುವೆ ಸಾಲುಗಟ್ಟುತ್ತದೆ, ಎಳೆದಾಗಲೆಲ್ಲ ಅರೆದುಹೋಗುತ್ತದೆ. ಆ ಸಂದನ್ನು ಒರೆಸುವುದೂ ಸುಲಭವಲ್ಲ. ಬಾಗಿಲಿಲ್ಲದ ತೆರೆದ ಹಲಗೆಗಳು ನೋಡುವುದಕ್ಕೆ ಒಳ್ಳೆಯವು; ಒಲೆಯ ಸಮೀಪದಲ್ಲಿದ್ದರೆ ಎಣ್ಣೆಯ ಪಸೆ, ಧೂಳು ಕೂರುತ್ತವೆ. ಅಟ್ಟದ ವಿಚಾರ ಹೇಳಲೇಬೇಕಾಗಿಲ್ಲ. ಇನ್ನು ಈ ಹೊಸ ಅಡುಗೆಮನೆಗಳಲ್ಲಿ ಈರುಳ್ಳಿ ಆಲೂಗಡ್ಡೆಗೆಂದು ತಂತಿಯ ಬುಟ್ಟಿಗಳನ್ನು ಕೇಳದೆಯೇ ಕೂಡಿಸುತ್ತಾರೆ. ಕಂದಮೂಲ ತ್ಯಾಗವಿರುವ ಮನೆಯವರು ಅದರ ಹಣವನ್ನು ಮೊದಲೇ ಕಳೆಯಿಸಿಕೊಳ್ಳಬಹುದು.

ಪ್ರತ್ಯೇಕ ಉಗ್ರಾಣದ ಕೋಣೆ ಬೇಕೆ? ಹೊಲದಿಂದ ವರ್ಷದ ಧಾನ್ಯ ಮನೆಗೆ ಬರುವ ಒಕ್ಕಲುತನದವರಿಗೆ ಬೇಕು. ಬೆಳಗಾವಿ ಸೀಮೆಯ ಹಳ್ಳಿಗಳಲ್ಲಿ ಇಂಥ ಶ್ರಾವಕ ಕುಟುಂಬಗಳು ಬಹಳ ಇವೆ. ನಮ್ಮ ಹಿರಿಯರು ಹಗೇವು, ಕಣಜ, ವಾಡೆಗಳನ್ನು ಮಾಡಿಕೊಂಡಿದ್ದುದು ಇದೇ ಕಾರಣಕ್ಕೆ; ಕರಾವಳಿಯವರು ಮರದ ಪತ್ತಾಯದಲ್ಲಿ ಭತ್ತ ತುಂಬಿ, ಅಕ್ಕಿಯನ್ನು ಹುಲ್ಲಿನ ಮುಡಿ ಕಟ್ಟಿ ಇಡುತ್ತಿದ್ದರು. ಪೇಟೆಯಲ್ಲಿ ತಿಂಗಳಿಗೊಮ್ಮೆ ಕೊಳ್ಳುವವರಿಗೆ ಕೋಣೆ ಬೇಕಿಲ್ಲ. ಲೆಕ್ಕ ಹಾಕಿಯೇ ನೋಡೋಣ. ಐದು ಜನರ ಮನೆಗೆ ತಿಂಗಳಿಗೆ ಅಕ್ಕಿ ೨೦ ಕಿಲೋ, ಗೋಧಿ ೧೦, ಜೋಳ ಅಥವಾ ರಾಗಿ ೫, ಬೇಳೆಕಾಳು ೬, ಬೆಲ್ಲ ಸಕ್ಕರೆ ೪, ಒಟ್ಟು ೪೫ ಕಿಲೋ ಎಂದಿಟ್ಟುಕೊಳ್ಳಿ. ಒಂದು ಕಿಲೋ ಧಾನ್ಯಕ್ಕೆ ಸುಮಾರು ಒಂದೂಕಾಲು ಲೀಟರಿನ ಜಾಗ ಬೇಕು. ಅಲ್ಲಿಗೆ ೫೬ ಲೀಟರು. ಡಬ್ಬಿಗಳ ನಡುವಿನ ಸಂದು, ಮುಚ್ಚಳದ ಎತ್ತರ ಇವುಗಳಿಗಾಗಿ ಅದನ್ನು ಇಮ್ಮಡಿಸಿದರೆ ೧೧೨ ಲೀಟರು. ೯೦ ಸೆಂಟಿಮೀಟರು ಅಗಲ, ೩೦ ಆಳ, ೩೫ ಎತ್ತರದ ಒಂದು ಖಾನೆಯಲ್ಲಿ ೯೪ ಲೀಟರಿಗಿಂತ ಸ್ವಲ್ಪ ಹೆಚ್ಚು ಜಾಗವಿರುತ್ತದೆ. ಅಂದರೆ ತಿಂಗಳ ಧಾನ್ಯವೆಲ್ಲವೂ ಒಂದೂಕಾಲು ಖಾನೆಯಲ್ಲಿ ಮುಗಿಯಿತು! ಐದು ಖಾನೆಗಳ ಒಂದು ಗೋಡೆಬೀರು ಇದ್ದರೆ ಸಂಬಾರ ಪದಾರ್ಥ, ಎಣ್ಣೆ, ತುಪ್ಪ, ವ್ರತಿಗಳ ಪಾತ್ರೆ ಎಲ್ಲಕ್ಕೂ ಸ್ಥಳ ಉಳಿಯುತ್ತದೆ. ಇದಕ್ಕಿಂತ ದೊಡ್ಡದನ್ನು ಕಟ್ಟಿಸಿದರೆ ಏನಾಗುತ್ತದೆಂಬುದು ಎಲ್ಲರಿಗೂ ತಿಳಿದದ್ದೇ: ಖಾಲಿ ಖಾನೆಯನ್ನು ಕಂಡ ಮನಸ್ಸು ಅಂಗಡಿಗೆ ಹೊರಡುತ್ತದೆ. ಆದುದರಿಂದ ಬೀರುವಿನ ಅಳತೆಯನ್ನು ಬಡಗಿಗೆ ಹೇಳುವ ಮೊದಲು ಧಾನ್ಯದ ಪರಿಮಾಣವನ್ನು ಮನೆಯವರೆಲ್ಲ ಕುಳಿತು ನಿಶ್ಚಯಿಸತಕ್ಕದ್ದು.

ಹೀಗೆ ನೋಡಿದರೆ ಶ್ರಾವಕನ ಮನೆಗೆ ತಕ್ಕುದು ಒಂದಡಿಗಿಂತ ಹೆಚ್ಚು ಆಳವಿಲ್ಲದ, ಒಂದೇ ಸಾಲಿನ ಡಬ್ಬಿ ನಿಲ್ಲುವ ಗೋಡೆಬೀರು. ಮರದ ಹಲಗೆಗಿಂತ ನಯವಾದ ಕಡಪಾ ಕಲ್ಲಿನ ಹಲಗೆ ಉತ್ತಮ. ಮರಕ್ಕಾದರೆ ಗೆದ್ದಲಿನ ಔಷಧ ಹೊಡೆಯಿಸಬೇಕಾಗುತ್ತದೆ. ಕಲ್ಲಿಗೆ ಆ ಪಾಪ ಬೇಡ. ಕಲ್ಲು ಗೋಡೆಯನ್ನು ಕೂಡುವ ಸಂದುಗಳನ್ನು ಪೂರ್ತಿಯಾಗಿ ಮುಚ್ಚಿಸಬೇಕು. ಮೇಲಿನ ಖಾನೆ ಮನೆಯ ಹಿರಿಯ ಶ್ರಾವಿಕೆಯ ಕೈಗೆ ಸ್ಟೂಲಿಲ್ಲದೆ ಎಟುಕಬೇಕು. ಅಕ್ಕಿಯಂಥ ಭಾರದ ಡಬ್ಬಿ ಕೆಳಗಿನ ಖಾನೆಗೆ. ಕೆಳಖಾನೆ ನೆಲದಿಂದ ಅರ್ಧ ಅಡಿ ಮೇಲಿದ್ದರೆ ಪೊರಕೆ ನಿರಾತಂಕವಾಗಿ ಆಡುತ್ತದೆ. ನೀರಿನ ತೊಟ್ಟಿಯಿಂದ ದೂರವಿರಲಿ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವುದರಿಂದ ಅಲ್ಲಿಯವರು ಹೊರಗೋಡೆಯನ್ನು ಬಿಟ್ಟು ಒಳಗೋಡೆಯನ್ನು ಆರಿಸಿಕೊಳ್ಳತಕ್ಕದ್ದು. ಧಾನ್ಯದಲ್ಲಿ ತೇವ ನೂರಕ್ಕೆ ಹನ್ನೆರಡನ್ನು ಮೀರಿದರೆ ಹುಳುವಿಗೂ ಬೂಷ್ಟಿಗೂ ಅನುಕೂಲವಾಗುತ್ತದೆ.

ಬೀರುವಿನ ಪಕ್ಕದಲ್ಲಿ, ಕಿಟಕಿಯ ಬೆಳಕು ಬೀಳುವಲ್ಲಿ, ಮೊರ ಜರಡಿಗಳನ್ನಿಟ್ಟು ಕುಳಿತು ಆರಿಸಲು ಒಂದು ಚಪ್ಪಡಿ ಬೇಕು. ಯಾವ ಗುತ್ತಿಗೆದಾರನ ಚಿತ್ರದಲ್ಲಿಯೂ ಇದನ್ನು ನಾನು ಕಾಣಲಿಲ್ಲ. ಆದರೆ ವ್ರತದ ದೃಷ್ಟಿಯಿಂದ ಉಗ್ರಾಣದ ಹೃದಯವೇ ಇದು. ಆರಿಸದೆ ತುಂಬಿದ ಡಬ್ಬಿ ಎಷ್ಟು ಬೆಲೆಯುಳ್ಳದ್ದಾದರೂ ವ್ಯರ್ಥ. ಗಾಳಿಯಾಡದ ಡಬ್ಬಿಗಳನ್ನೇ ತೆಗೆದುಕೊಳ್ಳಿ: ಆರಿಸಿದ, ಒಣಗಿದ ಧಾನ್ಯವನ್ನು ಅದರಲ್ಲಿಟ್ಟರೆ ಹೊರಗಿನ ಹುಳು ಒಳಸೇರದು; ಹುಳು ಹಿಡಿದ ಧಾನ್ಯವನ್ನು ಅದರಲ್ಲಿಟ್ಟರೆ ಉಸಿರುಕಟ್ಟಿಸಿದಂತಾಯಿತು. ಡಬ್ಬಿ ಒಂದೇ, ಫಲ ಬೇರೆ. ಧಾನ್ಯವನ್ನು ಶೈತ್ಯಪೆಟ್ಟಿಗೆಯ ಹಿಮದ ಖಾನೆಯಲ್ಲಿ ಕೆಲವು ದಿನ ಇಟ್ಟು ಮೊಟ್ಟೆಗಳನ್ನು ನಾಶಪಡಿಸುವ ಉಪಾಯವನ್ನು ಈಗ ಅನೇಕರು ಹೇಳಿಕೊಡುತ್ತಾರೆ. ಕೊಲ್ಲಬೇಕೆಂದೇ ಮಾಡುವ ಕೆಲಸ ಸಂಕಲ್ಪೀ ಹಿಂಸೆ; ಗೃಹಸ್ಥನಿಗೂ ಅದು ವರ್ಜ್ಯ. ಬೀರುವಿನ ಕಾಲುಗಳ ಕೆಳಗೆ ನೀರಿನ ಬಟ್ಟಲನ್ನಿಡುವ ಹಳೆಯ ಪದ್ಧತಿಯನ್ನೂ ನಾನು ಒಪ್ಪಲಾರೆ. ಸೋಸದ ನೀರು ನಿಂತಲ್ಲಿಯೇ ಜೀವೋತ್ಪತ್ತಿ, ಅದರಲ್ಲಿ ಬಿದ್ದ ಇರುವೆಗೆ ಮರಣ. ತೊಗರಿಬೇಳೆಗೆ ಹರಳೆಣ್ಣೆ ಸವರುವುದು, ಬೇವಿನ ಎಲೆ ಹಾಕುವುದು ಇವು ಶುದ್ಧಮಾಡಿದ ಧಾನ್ಯದಲ್ಲಿ ಮುಂಜಾಗ್ರತೆಯೆನಿಸುತ್ತವೆ. ಹುಳು ಬಂದ ಮೇಲೆ ಮಾಡತಕ್ಕವಲ್ಲ. ಹುಳು ಕಂಡರೆ ಧಾನ್ಯವನ್ನು ನೆರಳಿನಲ್ಲಿ, ಗಾಳಿ ಬೆಳಕಿರುವ ಕಡೆ ತೆಳುವಾಗಿ ಹರಡಿ, ಅವು ತಾವಾಗಿ ಹೊರಡಲು ಬಿಡಬೇಕು. ಉರಿಬಿಸಿಲಿಗೆ ಹಾಕಬಾರದು.

ಹಿಟ್ಟಿಗೆ ದೊಡ್ಡ ಡಬ್ಬಿ ಬೇಡ. ಹಿಟ್ಟಿನ ಮರ್ಯಾದೆ ಮಳೆಗಾಲದಲ್ಲಿ ೩ ದಿನ, ಬೇಸಗೆಯಲ್ಲಿ ೫ ದಿನ, ಚಳಿಗಾಲದಲ್ಲಿ ೭ ದಿನ ಎಂಬುದು ನಮ್ಮಲ್ಲಿ ರೂಢಿಯಾಗಿರುವ ಎಣಿಕೆ. ಕುಟ್ಟಿದ ಸಂಬಾರ ಪುಡಿಗಳಿಗೂ ಅದೇ. ತಮ್ಮ ಗುರುಗಳು ಬೇರೆ ಎಣಿಕೆ ಹೇಳಿದ್ದರೆ ಅದನ್ನು ಪಾಲಿಸಬೇಕು. ಅಂತೂ ಉಗ್ರಾಣದಲ್ಲಿರಬೇಕಾದುದು ಇಡೀ ಗೋಧಿ. ಹಿಟ್ಟು ಅಲ್ಲಿಯ ಅತಿಥಿ ಮಾತ್ರ. ಡಬ್ಬಿಯ ಮೇಲೆ ಬೀಸಿದ ತಿಥಿಯನ್ನು ಚೀಟಿಯಲ್ಲಿ ಬರೆದು ಅಂಟಿಸುವುದು ಒಳ್ಳೆಯದು. ಮನೆಬಳಕೆಯ ವಿದ್ಯುತ್ ಗಿರಣಿಗೆ ಬೀರುವಿನ ಬಳಿ ಸ್ಥಳವಿರಿಸಿದರೆ ಮರ್ಯಾದೆಯ ಪಾಲನೆ ಬಹಳ ಸುಲಭವಾಗುತ್ತದೆ. ಅದರ ಮುಚ್ಚಳ, ಬಾಗಿಲುಗಳು ಪೂರ್ತಿ ತೆರೆಯುವಷ್ಟು ಜಾಗವಿರಲಿ. ಬೀಸುವ ಗೂಡಿನಲ್ಲಿ ಉಳಿದ ಹಳೆಯ ಹಿಟ್ಟನ್ನು ಪ್ರತಿಸಲವೂ ಕುಂಚದಿಂದ ತೆಗೆಯದಿದ್ದರೆ ಹೊಸ ಹಿಟ್ಟಿನ ಲೆಕ್ಕವೇ ತಪ್ಪುತ್ತದೆ. ಇಲ್ಲಿ ಒಂದು ಮಾತು. ಉದ್ಯೋಗಕ್ಕೆ ಹೋಗಿ ಸಂಜೆ ದಣಿದು ಬರುವ ಸೊಸೆಯ ಮೇಲೆ ಈ ಮರ್ಯಾದೆಯನ್ನೆಲ್ಲ ಹೊರಿಸಿ, ತಪ್ಪಿದಾಗ ಆಕ್ಷೇಪಿಸುವ ಮನೆಗಳನ್ನು ಬಲ್ಲೆನು. ವ್ರತ ತೆಗೆದುಕೊಂಡವನು ಮಾವನಾದರೆ ಗಿರಣಿಯ ಗುಂಡಿಯನ್ನು ಮಾವನೇ ಒತ್ತಲಿ.

ಉಪವಾಸದ ದಿನಗಳಿಗೂ ಉಗ್ರಾಣಕ್ಕೂ ಇರುವ ಸಂಬಂಧವನ್ನು ಹಲವರು ಗಮನಿಸುವುದಿಲ್ಲ. ಪೂರ್ಣ ಪ್ರೋಷಧವೆಂದರೆ ಸಪ್ತಮಿಯ ಏಕಭುಕ್ತದಿಂದ ನವಮಿಯ ಏಕಭುಕ್ತದವರೆಗೆ ಹದಿನಾರು ಪ್ರಹರ. ಈ ಅವಧಿಯಲ್ಲಿ ಆರಂಭವನ್ನು ಬಿಟ್ಟಿರಬೇಕಾದ ಶ್ರಾವಿಕೆಯು, ಮಕ್ಕಳಿಗೆ ಅಡುಗೆಯಾಗಬೇಕೆಂದು ಅಷ್ಟಮಿಯ ಬೆಳಿಗ್ಗೆ ಆತುರದಲ್ಲಿ ಡಬ್ಬಿ ತೆರೆದು, ನೋಡದೆ ಬೇಳೆ ಸುರಿದರೆ ಮೇಲೆ ಹೇಳಿದ ಅತಿಚಾರ ನೇರವಾಗಿ ತಗಲುತ್ತದೆ. ಒಂದು ಖಾನೆಯನ್ನು ಇದಕ್ಕಾಗಿಯೇ ಮೀಸಲಿಡಿ. ಅಷ್ಟಮಿಯಂದು ಮನೆಯ ಉಳಿದವರಿಗೆ ಬೇಕಾದುದನ್ನೂ ನವಮಿಯ ಪಾರಣೆಯ ಧಾನ್ಯವನ್ನೂ ಸಪ್ತಮಿಯ ಬೆಳಿಗ್ಗೆಯೇ ಆರಿಸಿ ಅಲ್ಲಿಟ್ಟರೆ, ಉಪವಾಸವಿದ್ದವರು ಬೀರುವಿನ ಬಾಗಿಲನ್ನೇ ತೆರೆಯಬೇಕಾಗಿಲ್ಲ. ಚತುರ್ದಶಿಗೆ ತ್ರಯೋದಶಿಯಂದು ಇದೇ ಕ್ರಮ.

ಕೊನೆಯದಾಗಿ, ಹಳೆಯದನ್ನು ತೆಗೆಯುವ ವಿಚಾರ. ಹಳೆಯ ಬೀರುವಿನ ಹಿಂದೆ, ಹಲಗೆಯ ಸಂದುಗಳಲ್ಲಿ ಜಿರಲೆ, ಜೇಡ, ಇರುವೆಗಳ ವಾಸವಿರುತ್ತದೆ. ಹಲ್ಲಿಯ ಮೊಟ್ಟೆಗಳೂ ಇರಬಹುದು. ಕೆಲಸಗಾರರು ಬಂದ ದಿನವೇ ಸುತ್ತಿಗೆ ಹಾಕಿಸಿದರೆ ಇವೆಲ್ಲ ಏನಾಗುತ್ತವೆಂಬುದನ್ನು ವಿವರಿಸಬೇಕಾಗಿಲ್ಲ. ಹದಿನೈದು ದಿನ ಮುಂಚೆಯೇ ಧಾನ್ಯ, ಡಬ್ಬಿಗಳನ್ನು ಬೇರೆ ಕೋಣೆಗೆ ಸಾಗಿಸಿ, ಖಾನೆಗಳನ್ನು ಮೃದುವಾದ ಬಟ್ಟೆಯಿಂದ ಒರೆಸಿ, ಬಾಗಿಲುಗಳನ್ನು ಹಗಲೂ ರಾತ್ರಿಯೂ ತೆರೆದಿಡಬೇಕು. ಆಹಾರ ಸಿಗದ, ಬೆಳಕು ಬಿದ್ದ ಜಾಗವನ್ನು ಹೆಚ್ಚಿನವು ತಾವೇ ಬಿಟ್ಟುಹೋಗುತ್ತವೆ. ಮೊಟ್ಟೆಗಳು ಕಂಡರೆ ಅಷ್ಟು ಭಾಗವನ್ನು ಕಡೆಯಲ್ಲಿ ತೆಗೆಯುವಂತೆ ಕೆಲಸದವನಿಗೆ ತಿಳಿಸಿರಿ. ಇದಕ್ಕೆಲ್ಲ ಕಾಲಾವಕಾಶ ಬೇಕಾದುದರಿಂದ ಕೆಲಸವನ್ನು ಮಾಘ ಫಾಲ್ಗುಣಗಳಲ್ಲಿ ಆರಂಭಿಸಿ, ಸುಣ್ಣಬಣ್ಣ ಒಣಗಿ ಆಷಾಢದ ಚಾತುರ್ಮಾಸಕ್ಕೆ ಮುನ್ನ ಹೊಸ ಬೀರುವಿಗೆ ಧಾನ್ಯ ತುಂಬುವಂತೆ ನೋಡಿಕೊಳ್ಳತಕ್ಕದ್ದು.